ಕೈಮರ

ಮಲೆನಾಡಿನ ಕವಲುದಾರಿಗಳಲ್ಲಿ ಹಿಂದೆ ಕೈಮರಗಳಿರುತ್ತಿದ್ದವು. ನೆಟ್ಟ ಕಂಬಕ್ಕೆ ಹಲಗೆಯ ಕೈಗಳನ್ನು ಜೋಡಿಸಿ, ಯಾವ ದಾರಿ ಯಾವ ಊರಿಗೆ ಹೋಗುವುದೆಂದು ಅದರ ಮೇಲೆ ಬರೆದಿಡುತ್ತಿದ್ದರು. ದಾರಿಯನ್ನು ನಡೆದು ಬಲ್ಲವರು ಮುಂದೆ ಬರುವವರಿಗಾಗಿ ಉಳಿಸಿಹೋದ ಮಾತು ಅದು. ಜ್ಞಾನದ ಪ್ರಪಂಚದಲ್ಲಿಯೂ ಇಂತಹ ಕೈಮರಗಳ ಅಗತ್ಯವುಂಟು. ತಿಳಿವಳಿಕೆಯ ಭಂಡಾರ ಎಷ್ಟೇ ದೊಡ್ಡದಾಗಿರಲಿ, ಬೇಕಾದುದು ಬೇಕಾದ ವೇಳೆಗೆ ಕೈಗೆ ಸಿಗದಿದ್ದರೆ ಅದು ಇದ್ದೂ ಇಲ್ಲದಂತೆಯೇ ಸರಿ.

ಹಾಸನ ಜಿಲ್ಲೆಯ ಬೇಲೂರು ತಾಲ್ಲೂಕಿನಲ್ಲಿ ಗೆಂಡೆಹಳ್ಳಿ ಎಂಬ ಊರಿದೆ. ಅಲ್ಲಿನ ವಿದ್ಯಾರ್ಥಿಯೊಬ್ಬ ಇಂದು ಬೇಲೂರಿನ ಇತಿಹಾಸವನ್ನು ಅರಿಯಲು ಬಯಸಿದರೆ ಮೊಬೈಲಿನಲ್ಲಿ ಆ ಹೆಸರನ್ನು ಬರೆದರಾಯಿತು. ಕ್ಷಣಮಾತ್ರದಲ್ಲಿ ಸಾವಿರಾರು ಪುಟಗಳು ಎದುರಿಗೆ ಬಂದು ನಿಲ್ಲುತ್ತವೆ. ಅವುಗಳಲ್ಲಿ ಹೊಯ್ಸಳರ ಬೇಲೂರಿನೊಡನೆ ಬಂಗಾಳದ ಬೇಲೂರು ಮಠವೂ ಸೇರಿರಬಹುದು. ಪಂಡಿತರ ಲೇಖನದ ಪಕ್ಕದಲ್ಲಿಯೇ ವಸತಿಗೃಹದ ಜಾಹೀರಾತೂ ಇರಬಹುದು. ಹುಡುಕುವ ಯಂತ್ರವು ಪದಗಳನ್ನು ಹೋಲಿಸುತ್ತದೆ, ಒಂದು ಪುಟವನ್ನು ಇತರ ಎಷ್ಟು ಪುಟಗಳು ಹೆಸರಿಸಿವೆ ಎಂಬುದನ್ನು ಗಣಿಸುತ್ತದೆ. ಅದರ ವೇಗ ಅಪಾರವಾದುದು. ಆದರೆ ಹೆಚ್ಚು ಜನ ಹೆಸರಿಸಿದ್ದೆಲ್ಲವೂ ಹೆಚ್ಚು ನಿಜವಾಗಿರಬೇಕೆಂಬ ನಿಯಮವಿಲ್ಲ. ಪ್ರತ್ಯಕ್ಷವಾಗಿ ಕಂಡರೂ ಪ್ರಮಾಣಿಸಿ ನೋಡು ಎಂಬ ಗಾದೆಯನ್ನು ಯಂತ್ರವು ಅರಿಯದು.

ಅಂತರಜಾಲದ ಮೊದಲ ದಿನಗಳಲ್ಲಿ ಮನುಷ್ಯರೇ ಕೈಮರಗಳನ್ನು ನೆಟ್ಟಿದ್ದರು. 1994ರಲ್ಲಿ ಅಮೆರಿಕದ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ವಿದ್ಯಾರ್ಥಿಗಳಾದ ಜೆರ್ರಿ ಯಾಂಗ್ ಮತ್ತು ಡೇವಿಡ್ ಫಿಲೋ ತಾವು ಮೆಚ್ಚಿದ ಜಾಲತಾಣಗಳ ಪಟ್ಟಿಯೊಂದನ್ನು ಸಿದ್ಧಪಡಿಸಿದರು. ಅದೇ ಬೆಳೆದು 'ಯಾಹೂ' ಆಯಿತು. ಅಲ್ಲಿನ ಸಂಪಾದಕರು ತಾಣಗಳನ್ನು ತೆರೆದು ನೋಡಿ, ಕಲೆ, ವಿಜ್ಞಾನ, ಆರೋಗ್ಯ ಎಂಬಂತೆ ವಿಷಯಾನುಸಾರವಾಗಿ ವಿಂಗಡಿಸುತ್ತಿದ್ದರು. 1998ರಲ್ಲಿ ಆರಂಭವಾದ 'ಡಿಮೋಜ್' ಎಂಬ ಮುಕ್ತ ಸೂಚಿಯಲ್ಲಿ ಸಾವಿರಾರು ಸ್ವಯಂಸೇವಕರು ಇದೇ ಕೆಲಸವನ್ನು ಪ್ರತಿಫಲವಿಲ್ಲದೆ ಮಾಡಿದರು. ಆದರೆ ಮನುಷ್ಯನ ಕಣ್ಣು ಓದುವ ವೇಗಕ್ಕಿಂತ ಜಾಲವು ಬೆಳೆಯುವ ವೇಗ ಹೆಚ್ಚಾಯಿತು. ಯಾಹೂ ತನ್ನ ಸೂಚಿಯನ್ನು 2014ರ ಕೊನೆಯಲ್ಲಿ ಮುಚ್ಚಿತು. ಡಿಮೋಜ್ 2017ರಲ್ಲಿ ನಿಂತುಹೋಯಿತು.

ನೋಡಿ, ಆರಿಸಿ, ಪಟ್ಟಿಮಾಡುವ ಈ ಕಾಯಕವು ಕನ್ನಡ ನಾಡಿಗೆ ಹೊಸದೇನೂ ಅಲ್ಲ. ಮೈಸೂರು ಸಂಸ್ಥಾನದ ಪುರಾತತ್ವ ಇಲಾಖೆಯ ಮುಖ್ಯಸ್ಥರಾಗಿದ್ದ ಬಿ. ಎಲ್. ರೈಸ್ ಅವರು ಪಂಡಿತರ ನೆರವಿನಿಂದ ಹಳ್ಳಿಹಳ್ಳಿಗಳ ಶಾಸನಗಳನ್ನು ಸಂಗ್ರಹಿಸಿ, 'ಎಪಿಗ್ರಾಫಿಯ ಕರ್ನಾಟಿಕ' ಎಂಬ ಸಂಪುಟಗಳಲ್ಲಿ ಪ್ರಕಟಿಸಿದರು. ಹಾಸನ ಜಿಲ್ಲೆಗೆ ಮೀಸಲಾದ ಐದನೆಯ ಸಂಪುಟವು 1902ರಲ್ಲಿ ಹೊರಬಂದಿತು. ಅದರಲ್ಲಿ ಬೇಲೂರು, ಅರಸೀಕೆರೆ ಮುಂತಾದ ತಾಲ್ಲೂಕುಗಳಿಗೆ ಬೇರೆಬೇರೆ ವಿಭಾಗಗಳಿವೆ; ಪ್ರತಿಯೊಂದು ಶಾಸನಕ್ಕೂ ಒಂದು ಸಂಖ್ಯೆಯಿದೆ; ಕಲ್ಲು ಯಾವ ಊರಿನ ಯಾವ ಸ್ಥಳದಲ್ಲಿದೆ ಎಂಬ ಸೂಚನೆಯಿದೆ. ತಾಲ್ಲೂಕಿನ ಹೆಸರನ್ನೂ ಶಾಸನದ ಸಂಖ್ಯೆಯನ್ನೂ ಹೇಳಿದರೆ ಸಾಕು, ವಿದ್ವಾಂಸರು ಇಂದಿಗೂ ಆ ಕಲ್ಲನ್ನು ಗುರುತಿಸುತ್ತಾರೆ. ನೂರು ವರ್ಷಗಳು ಕಳೆದ ಮೇಲೂ ಆ ಕೈಮರ ಬಿದ್ದಿಲ್ಲ.

ಇಂತಹ ಕೆಲಸಕ್ಕೆ ಶಾಸ್ತ್ರದ ಬಲವನ್ನು ಒದಗಿಸಿದವರು ಡಾ. ಎಸ್. ಆರ್. ರಂಗನಾಥನ್. ಗಣಿತದ ಅಧ್ಯಾಪಕರಾಗಿದ್ದ ಅವರು ಗ್ರಂಥಪಾಲಕರಾಗಿ, 1931ರಲ್ಲಿ ಗ್ರಂಥಾಲಯ ಶಾಸ್ತ್ರದ ಐದು ಸೂತ್ರಗಳನ್ನು ಲೋಕದ ಮುಂದಿಟ್ಟರು. ಓದುಗನ ಕಾಲವನ್ನು ಉಳಿಸಬೇಕೆಂಬುದು ಅವುಗಳಲ್ಲೊಂದು. 1962ರಲ್ಲಿ ಬೆಂಗಳೂರಿನಲ್ಲಿ ಅವರು ಸ್ಥಾಪಿಸಿದ ಪ್ರಲೇಖನ ಸಂಶೋಧನೆ ಮತ್ತು ತರಬೇತಿ ಕೇಂದ್ರವು ಜ್ಞಾನದ ವಿಂಗಡಣೆಯನ್ನು ಒಂದು ವಿದ್ಯೆಯಾಗಿ ಬೆಳೆಸಿತು. ಪುಸ್ತಕವನ್ನು ಬಲ್ಲವನು, ಓದುಗನನ್ನೂ ಬಲ್ಲವನಾಗಿ, ಇವರಿಬ್ಬರನ್ನು ಕೂಡಿಸಬೇಕು ಎಂಬುದೇ ಆ ವಿದ್ಯೆಯ ಹೃದಯ.

ಹಾಗೆಂದು ಮನುಷ್ಯನ ಪಟ್ಟಿ ದೋಷರಹಿತವೆಂದು ಭಾವಿಸಲಾಗದು. ಕನ್ನಡದ ಅತಿ ಪ್ರಾಚೀನ ಶಾಸನಗಳಲ್ಲಿ ಪ್ರಸಿದ್ಧವಾದ, ಕ್ರಿ. ಶ. ಸುಮಾರು 450ರ ಹಲ್ಮಿಡಿ ಶಾಸನವು ಬೇಲೂರು ತಾಲ್ಲೂಕಿನದೇ. ಆದರೂ 1902ರ ಸಂಪುಟದಲ್ಲಿ ಅದು ಇಲ್ಲ. ಡಾ. ಎಂ. ಎಚ್. ಕೃಷ್ಣ ಅವರು ಅದನ್ನು ಬೆಳಕಿಗೆ ತಂದದ್ದು 1936ರಲ್ಲಿ. ಪಟ್ಟಿಯು ಕೊನೆಯ ಸಲ ನಡೆದು ನೋಡಿದವನ ಹೆಜ್ಜೆಯವರೆಗೆ ಮಾತ್ರ ಸತ್ಯ. ಅನಂತರ ಮತ್ತೊಬ್ಬನು ನಡೆಯಲೇಬೇಕು. ಮೈಸೂರು ವಿಶ್ವವಿದ್ಯಾಲಯದ ಕನ್ನಡ ಅಧ್ಯಯನ ಸಂಸ್ಥೆಯು 1970ರ ದಶಕದಿಂದ ಆ ಸಂಪುಟಗಳ ಪರಿಷ್ಕೃತ ಆವೃತ್ತಿಗಳನ್ನು ಹೊರತಂದುದು ಇದೇ ಕಾರಣದಿಂದ.

ಯಂತ್ರವನ್ನು ದೂರುವುದರಿಂದ ಪ್ರಯೋಜನವಿಲ್ಲ; ಕೋಟ್ಯಂತರ ಪುಟಗಳ ನಡುವೆ ಅದರ ನೆರವು ಬೇಕೇಬೇಕು. ಆದರೆ ಯಾರೂ ಬರೆದಿಡದುದನ್ನು ಯಂತ್ರವು ಹುಡುಕಿಕೊಡಲಾರದು. ಅಂತರಜಾಲದಲ್ಲಿ ಇಂಗ್ಲಿಷಿನ ಬರಹ ಸಾಗರದಂತೆ ತುಂಬಿರುವಾಗ, ಕನ್ನಡದ್ದು ಇನ್ನೂ ಚಿಕ್ಕ ಕೆರೆ. ಹಳ್ಳಿಯೊಂದರ ವೀರಗಲ್ಲು, ಹಳೆಯ ಕೆರೆ, ಬೆಳೆಯ ತಳಿಗಳು, ಹಿರಿಯರು ಬಲ್ಲ ಗಿಡಮೂಲಿಕೆಗಳ ಹೆಸರು ಇವೆಲ್ಲವೂ ಆ ಕೆರೆಯನ್ನು ಸೇರದಿದ್ದರೆ, ಹುಡುಕುವವನ ಪಾಲಿಗೆ ಅವು ಇಲ್ಲವೇ ಇಲ್ಲವೆಂದಾಗುತ್ತದೆ. 2003ರಲ್ಲಿ ಆರಂಭವಾದ ಕನ್ನಡ ವಿಕಿಪೀಡಿಯವು ಸ್ವಯಂಸೇವಕರಿಂದಲೇ ಬೆಳೆಯುತ್ತಿದೆ. ಅಲ್ಲಿ ಬರೆಯಲು ಶ್ರದ್ಧೆಯೊಂದೇ ಅರ್ಹತೆ.

ಗೆಂಡೆಹಳ್ಳಿಯ ವಿದ್ಯಾರ್ಥಿಯು ಕೇವಲ ಹುಡುಕುವವನಾಗಿಯೇ ಉಳಿಯಬೇಕಾಗಿಲ್ಲ. ಶಾಲೆಯ ಬಿಡುವಿನ ದಿನ ಗೆಳೆಯರೊಡನೆ ಊರನ್ನು ಸುತ್ತಿ, ಕಂಡುದನ್ನು ಕಂಡಂತೆ ಬರೆದು, ಎಲ್ಲಿ ಕಂಡಿತು, ಯಾವ ದಿನ ಕಂಡಿತು, ಯಾರು ಹೇಳಿದರು ಎಂಬುದನ್ನು ಎದುರಿಗೆ ನಮೂದಿಸಿದರೆ ಅದೊಂದು ಅಮೂಲ್ಯವಾದ ಸೂಚಿಯಾಗುತ್ತದೆ. ಸಂದೇಹವಿದ್ದಲ್ಲಿ ಸಂದೇಹವಿದೆಯೆಂದೇ ಬರೆಯುವ ಪ್ರಾಮಾಣಿಕತೆ ಅದಕ್ಕಿದ್ದರೆ ಸಾಕು, ಮುಂದೆ ಬರುವವರು ಆ ಬರಹವನ್ನು ನಂಬಿ ಹೆಜ್ಜೆಯಿಡುತ್ತಾರೆ.