ಮಲೆನಾಡಿನ ಕುಲುಮೆಯಲ್ಲಿ ಒಂದು ಓಲೆಗತ್ತಿ

ಹುಬ್ಬಳ್ಳಿಯಿಂದ ಶಿರಸಿಗೆ ಸುಮಾರು 100 ಕಿಲೋಮೀಟರುಗಳ ಹಾದಿ. ತಡಸವನ್ನು ದಾಟಿ ಮುಂಡಗೋಡದತ್ತ ಹೊರಳಿದೊಡನೆ ಎರೆಹೊಲಗಳು ಹಿಂದೆ ಸರಿಯುತ್ತವೆ, ಭತ್ತದ ಗದ್ದೆಗಳು ಬರುತ್ತವೆ, ಅನಂತರ ಕಾಡು. 1966ರಲ್ಲಿ ನೆಲೆಗೊಂಡ ಟಿಬೆಟಿಯನ್ನರ ವಸತಿಗಳನ್ನು ಎಡಬಲಕ್ಕೆ ಬಿಟ್ಟು ಮುಂದೆ ಸಾಗಿದರೆ ಗಾಳಿಯೇ ಬೇರೆಯಾಗುತ್ತದೆ. ಬನವಾಸಿಯ ಮಧುಕೇಶ್ವರನ ದರ್ಶನಕ್ಕೆಂದು, ಶಾಲ್ಮಲೆಯ ಸಹಸ್ರಲಿಂಗಗಳನ್ನು ನೋಡಲೆಂದು ನಾವು ಈ ದಾರಿಯಲ್ಲಿ ಹಲವು ಬಾರಿ ಸಂಚರಿಸಿದ್ದುಂಟು. ಕಳೆದ ಪುಷ್ಯಮಾಸದಲ್ಲಿ ಹೋದದ್ದು ಮಾತ್ರ ಒಂದು ಚೂರಿಯನ್ನು ಮಾಡಿಸುವುದಕ್ಕಾಗಿ.

ಮಠದಲ್ಲಿ ಓದಿ ಬೆಳೆದವರಿಗೆ ಚೂರಿಯಿಂದೇನು ಕೆಲಸವೆಂದು ವಾಚಕರು ಕೇಳಬಹುದು. ತಾಡವೋಲೆಯ ಕೆಲಸಕ್ಕೆ ಮೊದಲು ಬೇಕಾದದ್ದೇ ಚೂರಿ. ಗರಿಯ ನಡುಗಡ್ಡಿಯನ್ನು ಸೀಳಿ ತೆಗೆಯಬೇಕು, ಪಟ್ಟಿಗಳನ್ನು ಒಂದೇ ಅಳತೆಗೆ ಕೊಯ್ಯಬೇಕು, ಕುದಿಸಿ ಒಣಗಿಸಿದ ಮೇಲೆ ಅಂಚನ್ನು ಹೆರೆದು ಸಮಮಾಡಬೇಕು. ಆಮೇಲೆ ಕಂಟದ ಸರದಿ. ಕಂಟವೆಂದರೆ ಅಕ್ಷರ ಕೊರೆಯುವ ಉಕ್ಕಿನ ಲೇಖನಿ. ಕೊರೆದ ಗೆರೆಗೆ ದೀಪದ ಕಾಡಿಗೆಯನ್ನು ಎಣ್ಣೆಯಲ್ಲಿ ಕಲಸಿ ತಿಕ್ಕಿದಾಗ ಅಕ್ಷರಗಳು ಕಪ್ಪಾಗಿ ಮೂಡುತ್ತವೆ. 1905ರಲ್ಲಿ ಮೈಸೂರಿನ ಪ್ರಾಚ್ಯ ಗ್ರಂಥಾಲಯದಲ್ಲಿ ಆರ್. ಶಾಮಶಾಸ್ತ್ರಿಗಳು ಗುರುತಿಸಿ, 1909ರಲ್ಲಿ ಅಚ್ಚು ಹಾಕಿಸಿದ ಕೌಟಿಲ್ಯನ ಅರ್ಥಶಾಸ್ತ್ರವೂ ಇಂತಹ ಓಲೆಗಳ ಕಟ್ಟೇ. ಆ ಓಲೆಗಳನ್ನೂ ಯಾರೋ ಒಬ್ಬರು ಚೂರಿ ಹಿಡಿದು ಕೊಯ್ದಿರಲೇಬೇಕು.

ನಮ್ಮ ಗುರುಗಳ ಬಳಿ ಒಂದೇ ಹಿಡಿಯೊಳಗೆ ಚೂರಿಯೂ ಕಂಟವೂ ಮಡಚಿಕೊಳ್ಳುವ ಹಳೆಯ ಸಾಧನವಿತ್ತು. ನಮಗೆ ಹದಿನೇಳು ವರ್ಷವಾಗಿದ್ದಾಗ, ಪುಸ್ತಕದ ಪೆಟ್ಟಿಗೆಯ ಮೊಳೆಯೊಂದನ್ನು ಕೀಳಲು ಅವಸರದಲ್ಲಿ ಅದರ ಮೊನೆಯಿಂದ ಮೀಟಿದೆವು. ಮೊನೆ ಮುರಿಯಿತು. ಗುರುಗಳು ನೋಡಿದರು, ಒಂದು ಮಾತನ್ನೂ ಆಡಲಿಲ್ಲ. ಯಾರು ಮುರಿದರೆಂದು ಕೇಳಲೂ ಇಲ್ಲ. ಮರುದಿನದಿಂದ ಅಡುಗೆಮನೆಯ ಚಾಕುವಿನಲ್ಲಿ ಗರಿ ಕೊಯ್ಯತೊಡಗಿದರು. ಲಿಂಗೈಕ್ಯರಾಗುವ ಮುನ್ನ ಆ ಮುರಿದ ಚೂರಿಯನ್ನು ನಮಗೇ ಕೊಟ್ಟರು. ನಲವತ್ತೈದು ವರ್ಷಗಳಿಂದ ಅದು ಬಟ್ಟೆಯಲ್ಲಿ ಸುತ್ತಿಕೊಂಡು ನಮ್ಮ ಪೆಟ್ಟಿಗೆಯಲ್ಲಿತ್ತು.

ಈಗ ಭಾನುವಾರಗಳಂದು ಮೂವರು ಹುಡುಗರು ಓಲೆ ಓದಲು ನಮ್ಮಲ್ಲಿಗೆ ಬರುತ್ತಾರೆ. ಅವರು ಓದುವುದು ಕಂಪ್ಯೂಟರಿನ ಪರದೆಯ ಮೇಲಿನ ಚಿತ್ರಗಳನ್ನು. ಒಬ್ಬನು, “ನಮ್ಮ ಅಕ್ಷರಗಳೇಕೆ ಇಷ್ಟು ಗುಂಡಗಿವೆ?” ಎಂದು ಕೇಳಿದ. ಗರಿಯ ನಾರಿನ ಉದ್ದಕ್ಕೆ ನೇರ ಗೆರೆ ಎಳೆದರೆ ಅದು ಸೀಳುತ್ತದೆ, ದುಂಡಗೆ ಹೊರಳಿಸಿದರೆ ಉಳಿಯುತ್ತದೆ ಎಂದು ಹೇಳಿದೆವು. “ಬರೆದು ನೋಡಬಹುದೇ?” ಎಂದ. ನಮ್ಮಲ್ಲಿ ಉತ್ತರವಿರಲಿಲ್ಲ, ಏಕೆಂದರೆ ಚೂರಿಯಿರಲಿಲ್ಲ. ಅಂದೇ ಹೊಸದನ್ನು ಮಾಡಿಸಬೇಕೆಂದು ನಿಶ್ಚಯಿಸಿದೆವು.

ಶಿರಸಿಯ ಸೀಮೆಯನ್ನು ಆರಿಸಿಕೊಳ್ಳಲು ಎರಡು ಕಾರಣಗಳಿದ್ದವು. ಅಡಿಕೆ, ಮೆಣಸು, ಬಾಳೆಗಳ ಆ ನಾಡಿನಲ್ಲಿ ಪ್ರತಿ ಮನೆಗೂ ಕತ್ತಿ ಬೇಕು, ಮೆಟ್ಟುಗತ್ತಿ ಬೇಕು. ಆದಕಾರಣ ಅಲ್ಲಿ ಇನ್ನೂ ಕುಲುಮೆಗಳು ಉರಿಯುತ್ತಿವೆ. ಎರಡನೆಯದಾಗಿ, ಘಟ್ಟದ ಕೆಳಗೆ ಕುಮಟಾ, ಹೊನ್ನಾವರಗಳ ಕಡೆ ಶ್ರೀತಾಳೆಯ ಮರಗಳಿವೆ. ಪನೆಯ ಗರಿಗಿಂತ ತೆಳುವಾದ, ಬಾಗುವ ಗರಿ ಅದರದು. ಮೂವತ್ತರಿಂದ ಎಂಬತ್ತು ವರ್ಷ ಬದುಕಿ ಒಮ್ಮೆ ಮಾತ್ರ ಹೂ ಬಿಟ್ಟು, ಕಾಯಿ ಕಳಚಿ ಸಾಯುವ ಮರ. ಆ ಹೂಗೊಂಚಲು ಸಸ್ಯಲೋಕದಲ್ಲಿಯೇ ಅತಿ ದೊಡ್ಡದು. ಚೂರಿಯನ್ನು ಮಾಡಿದ ಸ್ಥಳದಲ್ಲಿಯೇ ಗರಿಯ ಮೇಲೆ ಪರೀಕ್ಷಿಸಬೇಕೆಂಬುದು ನಮ್ಮ ಅಪೇಕ್ಷೆಯಾಗಿತ್ತು.

ಕುಮಟೆಯ ರಸ್ತೆಯ ಒಂದು ಚಿಕ್ಕ ಊರಿನಲ್ಲಿ ಆಚಾರಿಯವರ ಕುಲುಮೆಯಿದೆ. ತಿದಿಯ ಜಾಗಕ್ಕೆ ವಿದ್ಯುತ್ತಿನ ಬೀಸಣಿಗೆ ಬಂದಿದೆ; ಅಡಿಗಲ್ಲು ಅವರ ತಾತನದು. ಹಗಲಲ್ಲಿಯೂ ಒಳಗೆ ಅರೆಗತ್ತಲೆ. ಬಿಸಿಲಿದ್ದರೆ ಕಾದ ಕಬ್ಬಿಣದ ಬಣ್ಣ ಕಣ್ಣಿಗೆ ಸುಳ್ಳು ಹೇಳುತ್ತದೆಯಂತೆ. ನಾವು ವಸ್ತುಸಂಗ್ರಹಾಲಯದ ಚಿತ್ರವೊಂದನ್ನು ನೋಡಿ ಬರೆದಿದ್ದ ನಕ್ಷೆಯನ್ನು ಮುಂದಿಟ್ಟೆವು. ಹಿತ್ತಾಳೆಯ ಹೂಬಳ್ಳಿ, ಮಡಚುವ ಕೀಲು, ವೀಳ್ಯದೆಲೆಯಷ್ಟು ತೆಳುವಾದ ಅಲಗು, ಎಲ್ಲವೂ ಅದರಲ್ಲಿದ್ದವು. ಅವರು ನಕ್ಷೆಯನ್ನು ಪಕ್ಕಕ್ಕಿಟ್ಟು, “ಏನನ್ನು ಕೊಯ್ಯುತ್ತೀರಿ? ಹೇಗೆ ಹಿಡಿಯುತ್ತೀರಿ? ಮೊದಲು ತೋರಿಸಿ” ಎಂದರು.

ಮಾದರಿಗೆಂದು ಒಯ್ದಿದ್ದ ಗುರುಗಳ ಚೂರಿಯನ್ನು ಬಿಚ್ಚಿದೆವು. ಅವರು ಅದನ್ನು ಬೆಳಕಿಗೆ ಹಿಡಿದು ತುದಿಯನ್ನು ಉಗುರಿನಿಂದ ಸವರಿ ನೋಡಿದರು.

“ಇದು ಕೊಯ್ಯುವಾಗ ಮುರಿದದ್ದಲ್ಲ. ತಿರುಚಿ ಮುರಿದಿದೆ. ಇದರಿಂದ ಏನನ್ನು ಮೀಟಿದಿರಿ?”

ಮೊಳೆಯನ್ನು ಎಂದೆವು. ಆ ಮಾತನ್ನು ಬಾಯಿಬಿಟ್ಟು ಹೇಳಿದ್ದು ಅದೇ ಮೊದಲು. ಅವರು ತಲೆಯಾಡಿಸಿ, ಚೂರಿಯನ್ನು ತಮ್ಮಲ್ಲಿಯೇ ಇಟ್ಟುಕೊಂಡು, ಗರಿ ತೆಗೆದುಕೊಂಡು ಬರುವಂತೆ ಹೇಳಿ ಕಳುಹಿಸಿದರು.

ಮಾಘಮಾಸದಲ್ಲಿ ಪರಿಚಿತರೊಬ್ಬರು ಘಟ್ಟದ ಕೆಳಗಿನಿಂದ ತಂದುಕೊಟ್ಟ ಶ್ರೀತಾಳೆಯ ಗರಿಯೊಂದಿಗೆ ಮತ್ತೆ ಹೋದೆವು. ಅಲಗಿಗೆ ಲಾರಿಯ ಸ್ಪ್ರಿಂಗ್ ಪಟ್ಟಿಯ ತುಂಡು, ಕಂಟಕ್ಕೆ ಸವೆದುಹೋದ ಹಳೆಯ ಅರ. ಐರೋಪ್ಯರು ‘ವೂಟ್ಜ್’ ಎಂದು ಕೊಂಡಾಡಿದ ಲೋಹದ ಹೆಸರು ನಮ್ಮ ‘ಉಕ್ಕು’ ಎಂಬ ಶಬ್ದದಿಂದಲೇ ಹುಟ್ಟಿತೆಂದು ವಿದ್ವಾಂಸರು ಹೇಳುತ್ತಾರೆ, 1795ರಷ್ಟು ಹಿಂದೆಯೇ ಲಂಡನ್ನಿನ ರಾಯಲ್ ಸೊಸೈಟಿಯ ಮುಂದೆ ಅದರ ಬಗ್ಗೆ ಪ್ರಬಂಧ ಬಂದಿತ್ತು ಎಂದು ನಾವು ಉತ್ಸಾಹದಿಂದ ವಿವರಿಸಿದೆವು. ಅವರು ನಕ್ಕು, “ಹೆಸರು ಲಂಡನ್ನಿಗೆ ಹೋಯಿತು, ನಮಗೆ ಉಕ್ಕು ಬರುವುದು ಗುಜರಿ ಅಂಗಡಿಯಿಂದ” ಎಂದರು.

ಅಲಗು ನಕ್ಷೆಯಂತೆಯೇ ತೆಳುವಾಗಿರಲಿ ಎಂದು ನಾವು ಹಟ ಹಿಡಿದೆವು. ಬೇಡವೆಂದು ಎರಡು ಸಲ ಹೇಳಿ, ಮೂರನೆಯ ಸಲ ಸುಮ್ಮನಾದರು. ಬಡಿದು ತೆಳುವಾಗಿಸಿ, ಕೆಂಪಗೆ ಕಾಯಿಸಿ ನೀರಿನಲ್ಲಿ ಅದ್ದಿದಾಗ ‘ಟಿಣ್’ ಎಂಬ ಸಣ್ಣ ಸದ್ದು ಕೇಳಿಸಿತು. ಅಂಚಿನಿಂದ ಬೆನ್ನಿನವರೆಗೆ ಕೂದಲೆಳೆಯಂತಹ ಬಿರುಕು. ಅರ್ಧ ದಿನದ ದುಡಿಮೆ ಹಾಳಾಯಿತು. ಗುರುಗಳ ಹಾಗೆಯೇ ಇವರೂ ಏನನ್ನೂ ಹೇಳಲಿಲ್ಲ. ನಾವು ನಕ್ಷೆಯನ್ನು ಮಡಚಿ ಚೀಲದೊಳಗೆ ಇಟ್ಟೆವು.

ಎರಡನೆಯ ಅಲಗಿಗೆ ಬೆನ್ನು ಸ್ವಲ್ಪ ದಪ್ಪವಾಯಿತು. ನೀರಿನ ಬದಲು ಎಣ್ಣೆಯಲ್ಲಿ ಅದ್ದಿದರು. ಹಾಗೆ ಅದ್ದಿದ ಅಲಗು ಬಲು ಗಡುಸು, ಆದರೆ ಗಾಜಿನಂತೆ ಪೆಡಸು. ಆದ್ದರಿಂದ ಒಂದು ಮಗ್ಗುಲನ್ನು ಕಲ್ಲಿನಲ್ಲಿ ಉಜ್ಜಿ ಹೊಳಪು ತರಿಸಿ, ಬೆನ್ನಿನ ಕಡೆಯಿಂದ ಮೆಲ್ಲಗೆ ಮತ್ತೆ ಕಾಯಿಸಿದರು. ಬೆನ್ನು ನೀಲಿಯಾಯಿತು, ಆಮೇಲೆ ನೇರಳೆ, ಕಂದು. ಅಂಚಿನಲ್ಲಿ ಒಣಹುಲ್ಲಿನ ಹಳದಿ ಬಂದ ಕ್ಷಣಕ್ಕೆ ತಣಿಸಿಬಿಟ್ಟರು. ಆ ಹಳದಿ ಸುಮಾರು 220ರಿಂದ 230 ಡಿಗ್ರಿ ಸೆಲ್ಸಿಯಸ್ ಶಾಖದ ಗುರುತು. ಬೆನ್ನು ಬಾಗಬೇಕು, ಅಂಚು ನಿಲ್ಲಬೇಕು. ಹದವೆಂದರೆ ಅಷ್ಟೇ ಎಂದು ಅವರು ಹೇಳಿದರು.

ಕಂಟದ ಮಾತು ಬಂದಾಗ ಅವರು ಸೂಜಿಯಂತಹ ಮೊನೆ ತೆಗೆದಿದ್ದರು. ಗರಿಯ ಮೇಲೆ ಎಳೆದೆವು, ಹರಿಯಿತು. ಮೊನೆ ಚುಚ್ಚಬಾರದು, ಕೊರೆಯಬೇಕು. ತುದಿ ಕೊಂಚ ದುಂಡಗಿರಬೇಕು ಎಂದು ನಾವು ಹೇಳಿದೆವು. ಬರೆಯುವುದನ್ನು ತೋರಿಸಿ ಎಂದರು. ಗರಿಯನ್ನು ಎಡಗೈಯಲ್ಲಿ ಹಿಡಿದು, ಕಂಟವನ್ನು ಎಡ ಹೆಬ್ಬೆರಳಿಗೆ ಆನಿಸಿ, ಗರಿಯನ್ನೇ ಸರಿಸುತ್ತ ಬರೆದು ತೋರಿಸಿದೆವು. ಅವರ ಮನೆಯಾಕೆ ಬಾಗಿಲಲ್ಲಿ ನಿಂತು ನೋಡುತ್ತಿದ್ದವರು, “ಮೆಟ್ಟುಗತ್ತಿಯ ಹಾಗೆ. ಕತ್ತಿ ಕದಲುವುದಿಲ್ಲ, ಕಾಯಿಯೇ ಕದಲಬೇಕು” ಎಂದರು. ಇಷ್ಟು ವರ್ಷ ಓಲೆಯೊಡನೆ ಬಾಳಿದರೂ ಈಳಿಗೆಮಣೆಯ ಮುಂದೆ ಕುಳಿತ ನಮ್ಮ ತಾಯಿಯ ಕೈಗೂ ಗುರುಗಳ ಕೈಗೂ ಇದ್ದ ಈ ಹೋಲಿಕೆ ನಮಗೆ ಹೊಳೆದಿರಲಿಲ್ಲ. ಆಚಾರಿಯವರು ತುದಿಯನ್ನು ಕಲ್ಲಿನ ಮೇಲೆ ಹತ್ತಾರು ಸಲ ಹೊರಳಿಸಿ, ಪ್ರತಿ ಸಲವೂ ನಮ್ಮಿಂದ ಬರೆಯಿಸಿ ನೋಡಿದರು. ಗೆರೆ ಹರಿಯದೆ ಮೂಡುವ ತನಕ ಬಿಡಲಿಲ್ಲ. ಕಬ್ಬಿಣ ಅವರಿಗೆ ತಿಳಿದಿತ್ತು, ಗರಿ ನಮಗೆ ತಿಳಿದಿತ್ತು. ಒಬ್ಬರ ತಿಳಿವಳಿಕೆ ಇನ್ನೊಬ್ಬರಿಗೆ ಬೇಕಾಯಿತು.

ಮಡಚುವ ಕೀಲು ಕಲಿಯುವ ಹುಡುಗರ ಕೈಯಲ್ಲಿ ಸಡಿಲವಾಗುತ್ತದೆಂದು ಅವರು ಬೇಡವೆಂದರು. ಈ ಬಾರಿ ನಾವು ವಾದಿಸಲಿಲ್ಲ. ಚೂರಿ ಒಂದು, ಕಂಟ ಒಂದು, ಎರಡಕ್ಕೂ ಹಲಸಿನ ಹಿಡಿ, ಎರಡೂ ಸೇರುವ ಒಂದೇ ಮರದ ಒರೆ ಎಂದು ಒಪ್ಪಂದವಾಯಿತು. ಹೂಬಳ್ಳಿಯ ಪ್ರಸ್ತಾಪವನ್ನು ಇಬ್ಬರೂ ಎತ್ತಲಿಲ್ಲ.

ಫಾಲ್ಗುಣದಲ್ಲಿ ಮೂರನೆಯ ಬಾರಿ ಹೋದಾಗ ಹೊಸ ಜೋಡಿ ಸಿದ್ಧವಾಗಿತ್ತು. ಅದರ ಪಕ್ಕದಲ್ಲಿ ಗುರುಗಳ ಚೂರಿಯೂ ಇತ್ತು. ನಾವು ಕೇಳಿರಲಿಲ್ಲ, ಮುರಿದ ಭಾಗವನ್ನು ತೇದು ಅವರು ಹೊಸ ಮೊನೆ ಬಿಡಿಸಿದ್ದರು. ಯಂತ್ರದ ಚಕ್ರಕ್ಕೆ ಕೊಟ್ಟರೆ ಬಿಸಿಯೇರಿ ಹಳಬರು ಕೊಟ್ಟ ಹದ ಹೋಗುತ್ತದೆಂದು ಕೈಯಿಂದಲೇ ನೀರುಗಲ್ಲಿನ ಮೇಲೆ ತೇದಿದ್ದರಂತೆ. ಅಲಗು ಒಂದು ಬೆರಳಷ್ಟು ಗಿಡ್ಡವಾಗಿತ್ತು. “ಇದು ಸತ್ತಿರಲಿಲ್ಲ. ಯಾರಾದರೂ ತಂದು ತೋರಿಸಬೇಕಾಗಿತ್ತು ಅಷ್ಟೇ” ಎಂದರು. ನಲವತ್ತೈದು ವರ್ಷ ನಾಚಿಕೆಯಿಂದ ಮುಚ್ಚಿಟ್ಟದ್ದಕ್ಕೆ ಬೇಕಾಗಿದ್ದುದು ಒಬ್ಬ ಕುಶಲಕರ್ಮಿಯ ಒಂದು ಮಧ್ಯಾಹ್ನ. ಗುರುಗಳಿರುವಾಗಲೇ ಇದನ್ನು ಮಾಡಿಸಬಹುದಾಗಿತ್ತಲ್ಲ ಎಂಬ ವ್ಯಥೆ ಶಿರಸಿಯಿಂದ ಹುಬ್ಬಳ್ಳಿಯ ತನಕ ನಮ್ಮ ಜೊತೆಗೇ ಬಂತು.

ವಾಚಕರ ಮನೆಗಳಲ್ಲಿಯೂ ಅಟ್ಟದ ಮೇಲೆ ಹಿರಿಯರ ಈಳಿಗೆ, ಕುಡಗೋಲು, ಅಡಕತ್ತರಿಗಳು ತುಕ್ಕು ಹಿಡಿದು ಬಿದ್ದಿರಬಹುದು. ಗುಜರಿಗೆ ಹಾಕುವ ಮೊದಲು ಹತ್ತಿರದ ಕುಲುಮೆಗೆ ಒಮ್ಮೆ ಒಯ್ದು ತೋರಿಸಿರಿ. ಹೊಸದನ್ನು ಮಾಡಿಸುವುದಾದರೆ ನಕ್ಷೆಗಿಂತ ಮೊದಲು ನಿಮ್ಮ ಕೈಯನ್ನೂ ಕೆಲಸವನ್ನೂ ತೋರಿಸಿರಿ.

ಹೊಸ ಜೋಡಿ ಈಗ ಹುಡುಗರ ವಶದಲ್ಲಿದೆ. ನೇರ ಗೆರೆ ಎಳೆದು ಎರಡು ಗರಿ ಸೀಳಿಕೊಂಡ ಮೇಲೆ ಅವರ ಅಕ್ಷರ ತಾನಾಗಿ ದುಂಡಗಾಯಿತು. ಗಿಡ್ಡವಾದ ಹಳೆಯ ಚೂರಿ ನಮ್ಮ ಬಿಗಿದ ಹೆಬ್ಬೆರಳಿಗೆ ಮೊದಲಿಗಿಂತ ಚೆನ್ನಾಗಿ ಒಗ್ಗಿದೆ. “ನಿಮ್ಮದೇಕೆ ಗಿಡ್ಡ?” ಎಂದು ಕಿರಿಯವನು ಕೇಳಿದ. ಮೊಳೆಯ ಕಥೆಯನ್ನು ಮೊದಲಿನಿಂದ ಹೇಳಿದೆವು.