ಬೈಗುಳವನ್ನೇ ಹೆಸರು ಮಾಡಿಕೊಂಡವನ ಹಾಡು

ಇಟಲಿಯ ಮಿಲಾನ್ ಶಹರದಲ್ಲಿ ಒಬ್ಬ ಹುಡುಗನನ್ನು ಓರಗೆಯವರು ‘ಮರೊಕ್ಕೀನೊ’ ಅಂತ ಕರೆಯುತ್ತಿದ್ದರು. ಮೊರಾಕ್ಕೊದವನು ಅಂತ ಅರ್ಥ. ಹುಡುಗ ಮೊರಾಕ್ಕೊದವನಲ್ಲ. ಇಟಲಿಯದೇ ಸಿಸಿಲಿ ದ್ವೀಪದ ನಿಕೊಸೀಯಾ ಅವನು ಹುಟ್ಟಿದ ಊರು. ಮುಖದ ಚಹರೆ ಉತ್ತರದವರ ಹಾಗಿರಲಿಲ್ಲ, ಅಷ್ಟೇ ಅವನ ಅಪರಾಧ. ಮುಂದೆ ಹಾಡಲು ನಿಂತಾಗ ಆ ಬೈಗುಳವನ್ನು ಅವನು ತೊಳೆದುಕೊಳ್ಳಲು ಹೋಗಲಿಲ್ಲ. ಮೊರಾಕ್ಕೊದ ಮರ್ರಾಕೇಶ್ ಪಟ್ಟಣದ ಹೆಸರನ್ನು ಕೊಂಚ ತಿರುಚಿ, ಬಾಲಕ್ಕೆ ‘ಕ್ಯಾಶ್’ ಅಂತ ಕಟ್ಟಿ, ‘ಮರ್ರಾಕ್ಯಾಶ್’ ಅಂತ ತಾನೇ ಇಟ್ಟುಕೊಂಡ. 1979ರಲ್ಲಿ ಹುಟ್ಟಿದಾಗ ಮನೆಯವರು ಇಟ್ಟ ಹೆಸರು ಫಾಬಿಯೊ ಬಾರ್ತೊಲೊ ರಿಝೊ. ಇವತ್ತು ಇಟಲಿಯಲ್ಲಿ ರಾಪ್ ಅಂದರೆ ಮೊದಲು ಬಾಯಿಗೆ ಬರುವ ಹೆಸರುಗಳಲ್ಲಿ ಅವನದೂ ಒಂದು.

ಆ ಹೆಸರಿನ ಒಂದು ತುದಿಯಲ್ಲಿ ಅವಮಾನ ಇದೆ, ಇನ್ನೊಂದು ತುದಿಯಲ್ಲಿ ರೊಕ್ಕ ಇದೆ. 2024ರ ಡಿಸೆಂಬರ್ 13ರಂದು, ಮುಂಚೆ ಒಂದು ಸೊಲ್ಲೂ ಹೇಳದೆ ಅವನು ಹೊರತಂದ ‘ಎ ಫಿನೀತಾ ಲಾ ಪಾಚೆ’ ಅನ್ನುವ ಆಲ್ಬಮ್ ಈ ಎರಡು ತುದಿಗಳ ಜಗಳ ಅಂತ ನನಗೆ ಅನ್ನಿಸಿದೆ. ‘ಶಾಂತಿ ಮುಗಿಯಿತು’ ಅಂತ ಅದರ ಅರ್ಥ.

ಗೆಳೆಯರೇ, ನಾನು ಇವನ ಅಭಿಮಾನಿ. ಹಾಡು ಮುಂದಿಟ್ಟುಕೊಂಡು, ನಿಘಂಟು ತಿರುವಿ ತಿರುವಿ ಇಟಲಿ ಭಾಷೆ ಕಲಿತವನು. ಆದರೆ ಅಭಿಮಾನ ಬೇರೆ, ಭಜನೆ ಬೇರೆ. ಅದಕ್ಕೇ ಇಲ್ಲಿ ನನ್ನ ಮೆಚ್ಚುಗೆಯೂ ಇದೆ, ತಕರಾರೂ ಇದೆ.

ಮೊದಲು ಆ ಬೈಗುಳದ ಬೇರು ನೋಡೋಣ. ಎರಡನೇ ಮಹಾಯುದ್ಧ ಮುಗಿದ ಮೇಲೆ, 1950 ಮತ್ತು 60ರ ದಶಕಗಳಲ್ಲಿ ಇಟಲಿಯ ದಕ್ಷಿಣದಿಂದ ಲಕ್ಷಾಂತರ ಜನ ಉತ್ತರದ ಮಿಲಾನ್, ತೊರೀನೊ, ಜೆನೊವಾ ಕಡೆ ಗುಳೆ ಎದ್ದರು. ಕಾರ್ಖಾನೆಗಳಿಗೆ ಅವರ ರಟ್ಟೆ ಬೇಕಿತ್ತು. ಊರಿಗೆ ಅವರು ಬೇಡವಾಗಿದ್ದರು. ದಕ್ಷಿಣದವರಿಗೆ ಮನೆ ಬಾಡಿಗೆಗಿಲ್ಲ ಅನ್ನುವ ಬೋರ್ಡುಗಳು ತೊರೀನೊದಲ್ಲಿ ರಾಜಾರೋಷವಾಗಿ ತೂಗಾಡಿದವು. ಅವರನ್ನು ಹಂಗಿಸಲು ಇದ್ದ ಪದ ‘ತೆರ್ರೋನೆ’. ‘ತೆರ್ರಾ’ ಅಂದರೆ ಮಣ್ಣು. ನೋಡಿ ಹ್ಯಾಗಿದೆ! ಮಣ್ಣಲ್ಲಿ ಗೇಯುವವನು ಅನ್ನುವುದೇ ಬೈಗುಳ. ಅನ್ನ ಬೆಳೆದವನ ಕೈಗೆ ಮಣ್ಣು ಮೆತ್ತಿಕೊಂಡಿದೆ ಅಂತ ಅನ್ನ ಉಂಡವನು ಮೂಗು ಮುಚ್ಚುವುದು. ಬಾಡಿಗೆ ಮನೆ ಕೇಳಲು ಹೋದಾಗ ‘ನೀವು ಯಾವ ಜನ?’ ಅನ್ನುವ ಪ್ರಶ್ನೆ ಎದುರಿಸಿದವರಿಗೆ ಆ ಬೋರ್ಡು ಓದಲು ಇಟಲಿ ಭಾಷೆ ಬರಬೇಕಾಗಿಲ್ಲ.

ಆಮೇಲೆ ಸಮುದ್ರದಾಚೆಯಿಂದ ಮೊರಾಕ್ಕೊ, ಟ್ಯುನೀಸಿಯಾದ ಜನ ಕೂಲಿಗೆ ಬಂದರು. ಬೈಗುಳ ಒಂದು ಮೆಟ್ಟಿಲು ಕೆಳಗೆ ಇಳಿಯಿತು. ನಿನ್ನೆ ‘ತೆರ್ರೋನೆ’ ಅನ್ನಿಸಿಕೊಂಡವನು ಇವತ್ತು ಇನ್ನೊಬ್ಬನನ್ನು ‘ಮರೊಕ್ಕೀನೊ’ ಅನ್ನಲು ಕಲಿತ. ಮೇಲಿನವನಿಗೆ ಕೈಮುಗಿಯುವ, ಕೆಳಗಿನವನಿಗೆ ಉಗುಳುವ ಈ ಏಣಿಯ ಲೆಕ್ಕವನ್ನು ಬಾಬಾಸಾಹೇಬರು ನಮಗೆ ಬಿಡಿಸಿ ತೋರಿಸಿದ್ದಾರೆ. ಅವರು ಹೇಳಿದ್ದು ಜಾತಿಯನ್ನು ಕುರಿತು. ಇಟಲಿಯಲ್ಲಿ ಜಾತಿ ಇಲ್ಲ. ಆದರೆ ತನಗಿಂತ ಕೆಳಗೆ ಒಬ್ಬನಿದ್ದಾನೆ ಅನ್ನುವ ಕೊಳಕು ಸಮಾಧಾನ ಅಲ್ಲೂ ಇದೆ.

ಮರ್ರಾಕ್ಯಾಶ್ ಬೆಳೆದದ್ದು ಮಿಲಾನಿನ ನೈಋತ್ಯಕ್ಕಿರುವ ಬರೋನಾ ಅನ್ನುವ ದುಡಿಯುವವರ ಬಡಾವಣೆಯಲ್ಲಿ. 2008ರಲ್ಲಿ ಬಂದ ಮೊದಲ ಆಲ್ಬಮ್ಮಿಗೆ ತನ್ನದೇ ಹೆಸರಿಟ್ಟ. ಅವನು ಹಿಡಿದ ರಾಪ್ 1973ರ ಸುಮಾರಿಗೆ ನ್ಯೂಯಾರ್ಕಿನ ಬ್ರಾಂಕ್ಸ್ ಕೇರಿಯಲ್ಲಿ ಕಪ್ಪು ಜನರ ನಡುವೆ ಹುಟ್ಟಿದ ಹಿಪ್‌ಹಾಪ್‌ನ ಕೂಸು. ಅದಕ್ಕೆ ವೀಣೆ ಬೇಡ, ವಿದ್ವಾಂಸ ಬೇಡ. ತಾಳ ಇದ್ದರೆ ಸಾಕು, ಹೇಳಲು ಮಾತಿದ್ದರೆ ಸಾಕು. ನಮ್ಮ ಕಡೆಯ ಗೀಗೀ ಮೇಳಗಳಲ್ಲಿ ಕಲ್ಗಿ-ತುರಾಯಿ ಅಂತ ಎರಡು ಪಕ್ಷದವರು ಸವಾಲು ಜವಾಬು ಹಾಡುವುದನ್ನು ಕೇಳಿದವರಿಗೆ ರಾಪರ್‌ಗಳ ಮಾತಿನ ಕುಸ್ತಿ ಹೊಸದು ಅನ್ನಿಸುವುದಿಲ್ಲ. ಅಮೆರಿಕದ ಬ್ಲ್ಯಾಕ್ ಪ್ಯಾಂಥರ್ ಹೆಸರನ್ನು ನೋಡಿಯೇ 1972ರಲ್ಲಿ ಮುಂಬಯಿಯ ಹುಡುಗರು ದಲಿತ ಪ್ಯಾಂಥರ್ ಕಟ್ಟಿದರು. ಸಿಟ್ಟಿಗೆ ಸಮುದ್ರ ದಾಟಲು ಟಿಕೆಟ್ಟು ಬೇಡ.

ಹೊಸ ಆಲ್ಬಮ್ಮು ಮೂರರ ಸಾಲಿನಲ್ಲಿ ಕೊನೆಯದು. ಮೊದಲನೆಯದು 2019ರ ‘ಪೆರ್ಸೋನಾ’. ಅದರಲ್ಲಿ ಹಾಡಿಗೊಂದು ಅಂಗದ ಹೆಸರು, ತನ್ನ ಮೈಯನ್ನೇ ಬಿಡಿಬಿಡಿಯಾಗಿ ಮೇಜಿನ ಮೇಲೆ ಇಟ್ಟ ಹಾಗೆ. ಎರಡನೆಯದು 2021ರಲ್ಲಿ ಬಂತು. ‘ನಾವು, ಅವರು, ಉಳಿದವರು’ ಅಂತ ಅದರ ಹೆಸರು. ಹಾಡನ್ನು ಸಾಹಿತ್ಯ ಅಂತ ಗಣಿಸುವವರು ಕೊಡುವ ತೆಂಕೊ ಪ್ರಶಸ್ತಿ 2022ರಲ್ಲಿ ಅದಕ್ಕೆ ಸಿಕ್ಕಿತು. ಮೂರನೆಯದರಲ್ಲಿ ಮಾತು ತನ್ನಿಂದ, ತನ್ನವರಿಂದ ಹೊರಟು ಕಾಲದ ಕಡೆ ತಿರುಗಿದೆ.

ಹದಿಮೂರು ಹಾಡು. ನೆರವಿಗೆ ಇನ್ನೊಬ್ಬ ಗಾಯಕನನ್ನು ಕರೆದಿಲ್ಲ. ದೊಡ್ಡ ಹೆಸರುಗಳನ್ನು ಒಂದರ ಪಕ್ಕ ಒಂದು ಪೇರಿಸಿ ಸರಕು ಮಾರುವ ಈ ದಿನಗಳಲ್ಲಿ ಇದು ಸಣ್ಣ ಧೈರ್ಯ ಅಲ್ಲ. ಅವನ ದನಿ ಕೂಗುವ ದನಿಯಲ್ಲ. ತಗ್ಗಿದ, ಭಾರವಾದ ದನಿ. ರಾತ್ರಿ ಪಾಳಿ ಮುಗಿಸಿ ಬಂದವನು ಹೊಸ್ತಿಲಲ್ಲಿ ಕೂತು ಮಾತಾಡಿದ ಹಾಗೆ. ಶೀರ್ಷಿಕೆಯ ಹಾಡಿನಲ್ಲಿ ಈವಾನ್ ಗ್ರಾತ್ಸಿಯಾನಿಯ ‘ಫಿರೆಂಜೆ’ ಎಂಬ ಹಳೆಯ ದುಃಖದ ಹಾಡಿನ ತುಣುಕನ್ನು ಹಾಸಿದ್ದಾನೆ. ‘ಸೋಲಿ’ ಅಂದರೆ ಒಂಟಿಗಳು. ಆ ಹಾಡಿನೊಳಗೆ 1990ರ ಸಾನ್ರೆಮೊ ಸ್ಪರ್ಧೆ ಗೆದ್ದ ಪೂಹ್ ತಂಡದ ಹಾಡು ಕೇಳಿಸುತ್ತದೆ. ಅಪ್ಪ-ಅಮ್ಮಂದಿರ ಕಾಲದ ರೇಡಿಯೋ ಹಾಡಿನ ಮೇಲೆ ಮಗ ಕೂತು ಲೆಕ್ಕ ಕೇಳಿದಂತಿದೆ.

ನನ್ನ ಎದೆಗೆ ನಾಟಿದ ಹಾಡು ‘ಫಾಕ್ತೋತುಮ್’. ಸಿಕ್ಕ ಸಿಕ್ಕ ಕೆಲಸ ಮಾಡಿ ಹೊಟ್ಟೆ ಹೊರೆಯುವವರ ಹಾಡು. ಸಂಬಳ ಸಾಲದ, ಕೆಲಸ ನಿಲ್ಲದ ಬದುಕು ಅದರಲ್ಲಿ ಉಸಿರಾಡುತ್ತದೆ. ಇಷ್ಟು ರೊಕ್ಕ ಕಂಡ ಮೇಲೂ ಬೆವರಿನ ವಾಸನೆಯನ್ನು ಮರೆಯದೆ ಬರೆದಿದ್ದಾನೆ. ಇದಕ್ಕೆ ನನ್ನ ಸಲಾಮು.

ಇನ್ನು ತಕರಾರು. ಹಿಂದಿನ ಆಲ್ಬಮ್ಮಿನಲ್ಲಿ ‘ಕಾಸ್‌ಪ್ಲೇಯರ್’ ಅಂತ ಒಂದು ಹಾಡಿತ್ತು. ವೇಷಧಾರಿ ಅಂತ ಅನ್ನಬಹುದು. ಗುರುತುಗಳ ಮಾತು ಜೋರಾಗಿದೆ, ಬಡವ-ಬಲ್ಲಿದ ಅನ್ನುವ ಮಾತು ಮಾಯವಾಗಿದೆ ಅನ್ನುವುದು ಅದರ ವಾದ. ಇಟಲಿಯಲ್ಲಿ ದೊಡ್ಡ ಜಗಳವೇ ಆಯಿತು. ನಮಗೆ ಈ ಜಗಳ ಹಳೆಯದು. ಜಾತಿ ಮೊದಲೋ ವರ್ಗ ಮೊದಲೋ ಅಂತ ನಮ್ಮ ಎಷ್ಟು ಕಮ್ಮಟಗಳಲ್ಲಿ ಬೆಳಗಾನ ವಾದ ಮಾಡಿಲ್ಲ! ಅವನ ಮಾತಲ್ಲಿ ಅರ್ಧ ಸತ್ಯ ಇದೆ. ಹಸಿವನ್ನು ಬಿಟ್ಟು ಆಡುವ ಬಿಡುಗಡೆಯ ಮಾತು ಉಂಡವರ ಆಟ ಆಗುತ್ತದೆ. ಆದರೆ ಉಳಿದರ್ಧವನ್ನು ಅವನ ಹೆಸರೇ ಹೇಳುತ್ತಿದೆಯಲ್ಲ? ‘ಮರೊಕ್ಕೀನೊ’ ಅಂದವರು ಅವನ ಜೇಬು ನೋಡಿ ಅನ್ನಲಿಲ್ಲ, ಮುಖ ನೋಡಿ ಅಂದರು. ರೊಕ್ಕ ಬಂದರೆ ಹಸಿವು ಹೋಗುತ್ತದೆ. ಹೆಸರಿಗೆ ಅಂಟಿಸಿದ ಕೆಸರು ಹೋಗಬೇಕಾದರೆ ಅಂಟಿಸಿದವನ ಕೈ ಹಿಡಿಯಬೇಕು.

ಎರಡನೇ ತಕರಾರು ಇನ್ನೂ ಖಾರ. ಹೊಸ ಆಲ್ಬಮ್ಮಿನ ಒಂದು ಹಾಡಿಗೆ ಹೆಣ್ಣನ್ನು ಸೂಳೆ ಅಂತ ಜರೆಯುವ ಪದವನ್ನೇ ಹೆಸರಾಗಿ ಇಟ್ಟಿದ್ದಾನೆ. ಕೊನೆಯ ಅಕ್ಷರದ ಜಾಗದಲ್ಲಿ ಒಂದು ನಕ್ಷತ್ರ ಹಾಕಿದ್ದಾನೆ, ಮುಚ್ಚಿದ ಹಾಗೂ ಇರಬೇಕು, ಕಂಡ ಹಾಗೂ ಇರಬೇಕು. ಹಾಡಿನ ಒಳಗೆ ಏನೇ ವಾದ ಇರಲಿ, ನನ್ನ ಪ್ರಶ್ನೆ ಇಷ್ಟೇ. ನಿನಗೆ ಎಸೆದ ಕಲ್ಲನ್ನು ನೀನು ಎತ್ತಿ ಕಿರೀಟ ಮಾಡಿಕೊಂಡೆ, ಸರಿ. ಹೆಣ್ಣಿಗೆ ಎಸೆದ ಕಲ್ಲನ್ನು ಎತ್ತುವ ಹಕ್ಕು ನಿನಗೆ ಯಾರು ಕೊಟ್ಟರು? ಬೈಗುಳವನ್ನು ಹೆಸರು ಮಾಡಿಕೊಳ್ಳುವ ಹಕ್ಕು ಬೈಸಿಕೊಂಡವರದ್ದು ಮಾತ್ರ. ‘ದಲಿತ’ ಅನ್ನುವ ಪದವನ್ನು ನಾವು ಎದೆ ಸೆಟೆಸಿ ಹೇಳುತ್ತೇವೆ, ಯಾಕಂದ್ರೆ ನಾವೇ ಆರಿಸಿಕೊಂಡದ್ದು. ಈ ನಿಯಮ ನಮ್ಮ ಗಂಡಸು ಕವಿಗಳಿಗೂ ಅನ್ವಯಿಸುತ್ತದೆ.

2025ರ ಬೇಸಿಗೆಯಲ್ಲಿ ಈ ಹಾಡುಗಳನ್ನು ಹೊತ್ತು ಅವನು ದೊಡ್ಡ ದೊಡ್ಡ ಕ್ರೀಡಾಂಗಣಗಳಲ್ಲಿ ಹಾಡಿದ. ಮಿಲಾನಿನ ಸಾನ್ ಸೀರೊ ಕೂಡ ಅದರಲ್ಲಿ ಒಂದು. ಕೇರಿಯ ಹುಡುಗ ಊರ ನಡುವಿನ ಅತಿ ಎತ್ತರದ ಕಟ್ಟೆ ಹತ್ತಿದ. ನನಗೆ ಖುಷಿಯೇ ಆಯಿತು, ಹೊಟ್ಟೆಕಿಚ್ಚಿಲ್ಲ. ಆದರೆ ಅದೇ ಬೇಸಿಗೆಯ ಮೊದಲಿಗೆ, ಜೂನ್ 8 ಮತ್ತು 9ರಂದು, ಇಟಲಿಯಲ್ಲಿ ಒಂದು ಜನಮತಗಣನೆ ನಡೆಯಿತು. ಹೊರದೇಶದವರು ಪೌರತ್ವ ಕೇಳಲು ಹತ್ತು ವರ್ಷ ಅಲ್ಲಿ ನೆಲೆಸಿರಬೇಕು ಅನ್ನುವುದನ್ನು ಐದಕ್ಕೆ ಇಳಿಸೋಣವೇ ಅಂತ. ಅರ್ಧದಷ್ಟು ಮತದಾರರು ಬಂದಿದ್ದರೆ ಅದಕ್ಕೆ ಬೆಲೆ. ಬಂದವರು ಶೇಕಡ 30ರ ಆಸುಪಾಸು. ಬಿದ್ದುಹೋಯಿತು. 1992ರ ಕಾನೂನಿನ ಪ್ರಕಾರ ಹೊರದೇಶದವರ ಮಗು ಇಟಲಿಯಲ್ಲೇ ಹುಟ್ಟಿದರೂ, ಅಲ್ಲೇ ಎಡೆಬಿಡದೆ ಬೆಳೆದರೂ, ಹುಟ್ಟಿನ ಆಧಾರದ ಮೇಲೆ ಪೌರತ್ವ ಕೇಳಲು ಹದಿನೆಂಟು ತುಂಬಬೇಕು.

ಅದಕ್ಕೂ ಹಿಂದಿನ ವರ್ಷ, 2024ರ ಜೂನಿನಲ್ಲಿ, ರೋಮಿನ ದಕ್ಷಿಣಕ್ಕಿರುವ ಲಾತೀನಾದ ಹೊಲದಲ್ಲಿ ಕೂಲಿ ಮಾಡುತ್ತಿದ್ದ ನಮ್ಮ ಪಂಜಾಬಿನ ಸತ್ನಾಮ್ ಸಿಂಗ್ ಅವರ ತೋಳು ಯಂತ್ರಕ್ಕೆ ಸಿಕ್ಕು ತುಂಡಾಯಿತು. ಆಸ್ಪತ್ರೆಗೆ ಒಯ್ಯಲಿಲ್ಲ. ಅವರ ಮನೆ ಮುಂದೆ ಬಿಟ್ಟು ಹೋದರು. ಕತ್ತರಿಸಿದ ತೋಳನ್ನು ಹಣ್ಣು ತುಂಬುವ ಕ್ರೇಟಿನಲ್ಲಿ ಇಟ್ಟಿದ್ದರು. ಎರಡು ದಿನಕ್ಕೆ ಜೀವ ಹೋಯಿತು. ದುಡಿಯಲು ಕಾಗದ ಪತ್ರ ಇಲ್ಲದವರ ಜೀವಕ್ಕೆ ಕ್ರೇಟಿನ ಬೆಲೆ. ಮಣ್ಣಲ್ಲಿ ಗೇಯುವವನು ಅನ್ನುವ ಆ ಹಳೇ ಬೈಗುಳ ಈಗ ಯಾರ ಮೈಮೇಲೆ ಇಳಿದಿದೆ ಅಂತ ಇದಕ್ಕಿಂತ ಬಿಡಿಸಿ ಹೇಳಬೇಕೆ?

ಶಾಂತಿ ಮುಗಿಯಿತು ಅಂತಾನೆ ಮರ್ರಾಕ್ಯಾಶ್. ಅವರಿಗೆ ಶಾಂತಿ ಇದ್ದದ್ದು ಯಾವಾಗ? ಇದ್ದವರಿಗೆ ಮಾತ್ರ ಮುಗಿಯುವುದು.

ಈಗ ಮಿಲಾನಿನ ಹೊರ ಬಡಾವಣೆಗಳಲ್ಲಿ ವಲಸಿಗರ ಮಕ್ಕಳೇ ಮೈಕು ಹಿಡಿಯುತ್ತಿದ್ದಾರೆ. ಟ್ಯುನೀಸಿಯಾ ಮೂಲದ ತಂದೆತಾಯಿಗೆ 1993ರಲ್ಲಿ ಮಿಲಾನಿನಲ್ಲಿ ಹುಟ್ಟಿದ ಗಾಲಿ, 2024ರ ಸಾನ್ರೆಮೊ ವೇದಿಕೆಯಲ್ಲಿ ನರಮೇಧ ನಿಲ್ಲಿಸಿ ಅಂತ ಹೇಳಿಯೇ ಇಳಿದ. ಮರ್ರಾಕ್ಯಾಶ್ ಎರವಲು ಪಡೆದ ಹೆಸರಿನ ನಿಜವಾದ ವಾರಸುದಾರರು ಈ ಮಕ್ಕಳು. ಅವನು ಬಾಗಿಲು ಒದ್ದು ತೆರೆದ, ಅದು ಅವನ ಸಾಧನೆ. ‘ಎ ಫಿನೀತಾ ಲಾ ಪಾಚೆ’ಯನ್ನು ನೀವೂ ಕೇಳಿ, ‘ಫಾಕ್ತೋತುಮ್’ನಿಂದ ಶುರು ಮಾಡಿ. ಕೇಳಿ ಮುಗಿದ ಮೇಲೆ ಅವನ ಹಿಂದೆ ಬರುತ್ತಿರುವವರ ಹಾಡನ್ನೂ ಹುಡುಕಿ. ಬಾಗಿಲು ತೆರೆದವನು ಬಾಗಿಲಲ್ಲೇ ನಿಂತುಬಿಟ್ಟರೆ, ಪಕ್ಕಕ್ಕೆ ಸರಿಯಪ್ಪಾ ಅಂತ ಹೇಳಬೇಕಾದವರು ಅಭಿಮಾನಿಗಳೇ.