ಪ್ಲಾಸ್ಮಾ ಟೇಬಲ್ ತರುವ ಮುಂಚೆ ನಾವು ಹಾಕಿದ ಲೆಕ್ಕ

ಇವತ್ತಿನ ಬರಹ ಜೋಳದ ಬಗ್ಗೆ ಅಲ್ಲ, ಅಡಿಕೆ ಬಗ್ಗೆಯೂ ಅಲ್ಲ. ಶಿರಾಳಕೊಪ್ಪ–ಸೊರಬ ರಸ್ತೆಯಲ್ಲಿ ವೆಲ್ಡಿಂಗ್ ಅಂಗಡಿ ಇಟ್ಟಿರುವ ನಮ್ಮ ಅಕ್ಕನ ಮಗ ಸಿಎನ್‌ಸಿ ಪ್ಲಾಸ್ಮಾ ಕಟಿಂಗ್ ಟೇಬಲ್ ಹಾಕ್ತೀನಿ ಅಂತ ಹೊರಟಿದ್ದಾನೆ. ಸಾಲಕ್ಕೆ ಅಕ್ಕನ ಹೆಸರಿನಲ್ಲಿರುವ ಒಂದೂವರೆ ಎಕರೆ ಅಡಿಕೆ ತೋಟ ಅಡ ಇಡುವ ಮಾತು ಬಂತು. ಅಕ್ಕ ಹೇಳಿದ್ದು ಒಂದೇ ಮಾತು: "ನೀನು ಎಲ್ಲಾ ನೋಡಿ ಸರಿ ಅಂದ್ರೆ ಸಹಿ ಹಾಕ್ತೀನಿ." ಹಾಗಾಗಿ ನಾಲ್ಕು ತಿಂಗಳು ಆ ಹುಡುಗನ ಜೊತೆ ಓಡಾಡಿದೆ. ಶಿವಮೊಗ್ಗ, ಹುಬ್ಬಳ್ಳಿ, ಬೆಂಗಳೂರಿನ ಪೀಣ್ಯ ಎಲ್ಲಾ ಕಡೆ ಮಷೀನು ನೋಡಿದ್ವಿ. ಶಿಕಾರಿಪುರದ ಕಡೆಯ ಇನ್ನಿಬ್ಬರು ಯುವಕರೂ ಇದೇ ಯೋಚನೆಯಲ್ಲಿದ್ದಾರೆ ಅಂತ ಕೇಳಿದೆ. ಅವರಿಗೂ, ಅವರಿಗೆ ಸಾಲ ಕೊಡಿಸೋ ಅಪ್ಪ-ಅಮ್ಮಂದಿರಿಗೂ ಉಪಯೋಗ ಆಗ್ಲಿ ಅಂತ ಬರೆದಿಡ್ತಿದ್ದೀನಿ.

ಮೊದಲು ಇದೇನು ಅಂತ ಸರಳವಾಗಿ. ಗ್ಯಾಸ್ ಕಟ್ಟರ್ ಕಬ್ಬಿಣವನ್ನ ಆಮ್ಲಜನಕದಲ್ಲಿ ಸುಟ್ಟು ಕತ್ತರಿಸುತ್ತೆ. ಪ್ಲಾಸ್ಮಾದಲ್ಲಿ ಕಂಪ್ರೆಸರ್ ಗಾಳಿಯನ್ನ ಸಣ್ಣ ತೂತಿನಿಂದ ಬಿಟ್ಟು ಅದರೊಳಗೆ ಕರೆಂಟು ಹರಿಸ್ತಾರೆ. ಗಾಳಿ ಸಾವಿರಾರು ಡಿಗ್ರಿ ಕಾದು ಲೋಹವನ್ನ ಕರಗಿಸಿ ಕೆಳಕ್ಕೆ ಊದಿಬಿಡುತ್ತೆ. ಸಿಎನ್‌ಸಿ ಟೇಬಲ್ ಅಂದ್ರೆ ಆ ಟಾರ್ಚನ್ನ ಕೈಯಲ್ಲಿ ಹಿಡಿಯೋ ಬದಲು ಕಂಪ್ಯೂಟರಿನ ಡ್ರಾಯಿಂಗ್ ಪ್ರಕಾರ ಮೋಟರು ಓಡಿಸುತ್ತೆ. ಒಂದೇ ಅಳತೆಯ ಇಪ್ಪತ್ತು ಪಟ್ಟಿ ಬೇಕಂದ್ರೆ ಇಪ್ಪತ್ತೂ ಒಂದೇ ಥರ ಬರ್ತವೆ.

ನಮಗೆ ಇದು ಯಾಕೆ ಬೇಕು? ಜೂನ್‌ನಲ್ಲಿ ಹದ ಸಿಕ್ಕಾಗ ಕಲ್ಟಿವೇಟರ್ ಬ್ರಾಕೆಟ್ ಮುರಿದ್ರೆ, ಗದ್ದೆ ಕೆಸರು ಮಾಡೋವಾಗ ಕೇಜ್ ವೀಲ್ ಪಟ್ಟಿ ಹೋದ್ರೆ, ಜೋಳದ ಒಕ್ಕಣೆ ಮಷೀನಿನ ಜರಡಿ ಪ್ಲೇಟು ಸವೆದ್ರೆ, ಶಿವಮೊಗ್ಗಕ್ಕೆ ಹೋಗಿ ಬರೋದ್ರಲ್ಲಿ ಎರಡು ದಿನ ಹೋಯ್ತು. ಆ ಎರಡು ದಿನದಲ್ಲಿ ಹದ ಹೋಗುತ್ತೆ. ಹತ್ತಿರದಲ್ಲೇ ಕತ್ತರಿಸಿ ಕೊಡೋರು ಇದ್ರೆ ಅದರ ಬೆಲೆ ನಮಗೆ ಗೊತ್ತು.

ಆದ್ರೆ ನಮಗೆ ಬೇಕು ಅನ್ನೋದು ಬೇರೆ, ಅಂಗಡಿಗೆ ವರ್ಷಪೂರ್ತಿ ಕೆಲಸ ಇದೆ ಅನ್ನೋದು ಬೇರೆ. ಅದಕ್ಕೇ ಮೊದಲು ಮಾಡಿಸಿದ ಕೆಲಸ ಅಂಗಡಿಯ ಬಿಲ್ ಪುಸ್ತಕ ತೆಗೆಸಿದ್ದು. ಹಿಂದಿನ ಒಂದು ವರ್ಷದ ಪ್ರತಿ ಕೆಲಸವನ್ನೂ ಮೂರು ಪಟ್ಟಿ ಮಾಡಿದ್ವಿ. 3 ಎಂಎಂಗಿಂತ ತೆಳು ತಗಡು ಒಂದು ಕಡೆ, 3ರಿಂದ 12 ಎಂಎಂ ಪ್ಲೇಟು ಒಂದು ಕಡೆ, ಬರೀ ಪೈಪು ಮತ್ತು ಆಂಗಲ್ ಕೆಲಸ ಇನ್ನೊಂದು ಕಡೆ. ಪೈಪು, ಆಂಗಲ್‌ಗೆ ಈ ಟೇಬಲ್ ಬೇಕಾಗಿಲ್ಲ. ತೆಳು ತಗಡಿನ ಗೇಟ್ ಜಾಲರಿ, ಹೆಸರಿನ ಬೋರ್ಡು ಇವನ್ನ ಫೈಬರ್ ಲೇಸರ್ ಇರೋರು ಪ್ಲಾಸ್ಮಾಗಿಂತ ಚೊಕ್ಕ ಮಾಡಿಕೊಡ್ತಾರೆ. ಪ್ಲಾಸ್ಮಾ ನಿಜವಾಗಿ ದುಡಿಯೋದು ನಡುವಿನ ಪಟ್ಟಿಯಲ್ಲಿ. ಯಾರೇ ಆಗಲಿ ಮಷೀನು ನೋಡೋಕೆ ಹೋಗೋ ಮುಂಚೆ ಆ ನಡುವಿನ ಪಟ್ಟಿ ಎಷ್ಟು ಉದ್ದ ಇದೆ ನೋಡಿಕೊಳ್ಳಿ.

ಇನ್ನೊಂದು ವಿಷಯ. "ರೋಟವೇಟರ್ ಬ್ಲೇಡನ್ನೂ ಇದರಲ್ಲೇ ಮಾಡಬಹುದು" ಅಂತ ಒಬ್ಬ ಮಾರಾಟದವರು ಹೇಳಿದ್ರು. ಆಕಾರ ಬರುತ್ತೆ, ಬ್ಲೇಡ್ ಆಗಲ್ಲ. ಒಳ್ಳೆ ಬ್ಲೇಡು ಬೋರಾನ್ ಸ್ಟೀಲಿನದು, ಬಿಸಿ ಮಾಡಿ ಬಗ್ಗಿಸಿ ಹದ ಕೊಟ್ಟಿರ್ತಾರೆ. ಸಾದಾ ಎಂಎಸ್ ಪ್ಲೇಟು ಕತ್ತರಿಸಿ ಹಾಕಿದ್ರೆ ನಮ್ಮ ಕಲ್ಲು ನೆಲದಲ್ಲಿ ಬೇಗ ಸವೆಯುತ್ತೆ, ಇಲ್ಲಾ ಬಗ್ಗುತ್ತೆ. ರೈತರಾಗಿ ನಾವೂ ಅಂಗಡಿಯವನಿಂದ ಅಂಥದ್ದನ್ನ ಮಾಡಿಸಬಾರದು.

ಈಗ ಆಯ್ಕೆಗೆ ಬರೋಣ. ಎಲ್ಲರೂ ಮೊದಲು ಕೇಳೋದು "ಎಷ್ಟು ದಪ್ಪ ಕತ್ತರಿಸುತ್ತೆ?" ಇದಕ್ಕೆ ಒಂದಲ್ಲ, ಮೂರು ಉತ್ತರ ಇರ್ತವೆ. ಉದಾಹರಣೆಗೆ ಹೈಪರ್‌ಥರ್ಮ್ ಕಂಪನಿಯ ಪವರ್‌ಮ್ಯಾಕ್ಸ್ 45 ಎಕ್ಸ್‌ಪಿ ತಗೊಳ್ಳಿ. ಅಂಚಿನಿಂದ ಶುರು ಮಾಡಿ ಚೆನ್ನಾಗಿ ಕತ್ತರಿಸೋದು 16 ಎಂಎಂ. ಹೇಗಾದ್ರೂ ಸರಿ ತುಂಡಾದ್ರೆ ಸಾಕು ಅಂದ್ರೆ 29 ಎಂಎಂ. ಪ್ಲೇಟಿನ ನಡುವೆ ತೂತು ಹೊಡೆದು ಶುರು ಮಾಡೋದು ಮಾತ್ರ 12 ಎಂಎಂ. ಟೇಬಲ್ ಮೇಲೆ ಹೆಚ್ಚುಕಡಿಮೆ ಎಲ್ಲಾ ಕೆಲಸವೂ ತೂತು ಹೊಡೆದೇ ಶುರುವಾಗೋದು. ಹಾಗಾಗಿ ನಮಗೆ ಲೆಕ್ಕಕ್ಕೆ ಬರೋದು ಕೊನೆಯ ನಂಬರ್. ಜೊತೆಗೆ ಡ್ಯೂಟಿ ಸೈಕಲ್ ಕೇಳಿ. 60% ಅಂದ್ರೆ ಆ ಆಂಪ್ಸಿನಲ್ಲಿ ಹತ್ತು ನಿಮಿಷಕ್ಕೆ ಆರು ನಿಮಿಷ ಮಾತ್ರ ಓಡಿಸಬಹುದು. ಟೇಬಲ್ ಕೆಲಸಕ್ಕೆ 100% ಎಷ್ಟು ಆಂಪ್ಸಿಗೆ ಸಿಗುತ್ತೆ ಅನ್ನೋದನ್ನ ಬರೆಸಿಕೊಳ್ಳಿ.

ಟೇಬಲ್ ಅಳತೆ ನಮಗೆ ಸಿಗೋ ಪ್ಲೇಟಿಗೆ ಹೊಂದಬೇಕು. 1250 × 2500 ಎಂಎಂ ಪ್ಲೇಟು ಸಾಮಾನ್ಯ. 6 ಎಂಎಂ ದಪ್ಪದ ಅಂಥ ಒಂದು ಪ್ಲೇಟು 147 ಕೆಜಿ ತೂಗುತ್ತೆ (ಒಂದು ಚದರ ಮೀಟರಿಗೆ ಒಂದು ಎಂಎಂ ದಪ್ಪಕ್ಕೆ 7.85 ಕೆಜಿ ಲೆಕ್ಕ). ಇಬ್ಬರು ಎತ್ತೋದಲ್ಲ, ಚೈನ್ ಪುಲ್ಲಿ ಬೇಕು. ಪುಲ್ಲಿಗೆ, ಪ್ಲೇಟು ತಿರುಗಿಸೋಕೆ ಜಾಗ ಬಿಟ್ಟು ಶೆಡ್ಡು ಅಳೆಯಿರಿ.

ಟಾರ್ಚ್ ಎತ್ತರವನ್ನ ತಾನೇ ಸರಿ ಮಾಡಿಕೊಳ್ಳೋ ಟಿಎಚ್‌ಸಿ ಇಲ್ಲದ ಟೇಬಲ್ ಬೇಡವೇ ಬೇಡ. ಪ್ಲೇಟು ಕಾಯ್ತಾ ಕಾಯ್ತಾ ಬಿಲ್ಲಿನ ಹಾಗೆ ಬಾಗುತ್ತೆ. ಟಾರ್ಚ್ ಮತ್ತು ಪ್ಲೇಟಿನ ನಡುವೆ ಇರಬೇಕಾದ ಅಂತರವೇ ಒಂದೂವರೆ ಎಂಎಂ ಆಸುಪಾಸು. ಅದು ಏರುಪೇರಾದ್ರೆ ಅಂಚು ಓರೆ ಆಗುತ್ತೆ, ಟಾರ್ಚ್ ಪ್ಲೇಟಿಗೆ ಬಡಿಯುತ್ತೆ.

ಡೆಮೊಗೆ ಹೋದಾಗ ಅವರ ಗಣೇಶನ ಚಿತ್ರ, ನವಿಲಿನ ಚಿತ್ರ ನೋಡಿ ಮರುಳಾಗಬೇಡಿ. ನಮ್ಮದೇ 6 ಮತ್ತು 10 ಎಂಎಂ ಪ್ಲೇಟು, ನಮ್ಮದೇ ಬ್ರಾಕೆಟ್ ಡ್ರಾಯಿಂಗು ತಗೊಂಡು ಹೋಗಿದ್ವಿ. ಒಂದೇ ತುಂಡನ್ನ ಇಪ್ಪತ್ತು ಸಲ ಕತ್ತರಿಸಿ, ಮೊದಲನೆಯದು ಮತ್ತು ಇಪ್ಪತ್ತನೆಯದನ್ನ ಒಂದರ ಮೇಲೊಂದು ಇಟ್ಟು ನೋಡಿದ್ವಿ. ಒಂದು ಮೀಟರಿನ ಚೌಕ ಕತ್ತರಿಸಿ ಮೂಲೆಯಿಂದ ಮೂಲೆಗೆ ಅಳೆದ್ರೆ ಎರಡೂ ಕಡೆ 1414 ಎಂಎಂ ಬರಬೇಕು. ಒಂದು ಕಡೆ ಜಾಸ್ತಿ, ಒಂದು ಕಡೆ ಕಮ್ಮಿ ಬಂದ್ರೆ ಚೌಕಟ್ಟೇ ಸೊಟ್ಟ ಇದೆ ಅಂತ ಅರ್ಥ. ಒಂದು ಕಡೆ ನಾಲ್ಕು ಎಂಎಂ ವ್ಯತ್ಯಾಸ ಬಂತು, ಅಲ್ಲಿಂದ ವಾಪಸ್ ಬಂದ್ವಿ.

ಕರೆಂಟಿನ ವಿಷಯ ನಮ್ಮ ಕಡೆ ದೊಡ್ಡದು. 45 ಆಂಪ್ಸ್, ಸುಮಾರು 140 ವೋಲ್ಟ್ ಅಂದ್ರೆ ಆರ್ಕಿಗೇ 6.3 ಕಿಲೋವ್ಯಾಟ್. 5 ಎಚ್‌ಪಿ ಕಂಪ್ರೆಸರ್ 3.7 ಕಿಲೋವ್ಯಾಟ್. ಮೋಟರು, ಡ್ರೈಯರ್, ಫ್ಯಾನು, ನಷ್ಟ ಎಲ್ಲಾ ಸೇರಿ 12 ಕಿಲೋವ್ಯಾಟ್ ಹತ್ತಿರ ಬರುತ್ತೆ. ಪಂಪ್‌ಸೆಟ್ಟಿನ ಉಚಿತ ಕರೆಂಟಿನಲ್ಲಿ ಇದನ್ನ ಓಡಿಸೋದು ಕಾನೂನಿಗೂ ವಿರುದ್ಧ, ಆ ಲೈನು ನಂಬೋಕೂ ಆಗಲ್ಲ. ಮೆಸ್ಕಾಂನಿಂದ ಕೈಗಾರಿಕಾ ಸಂಪರ್ಕವೇ ಬೇಕು. ಮಧ್ಯಾಹ್ನ ಪಂಪ್‌ಸೆಟ್‌ಗಳೆಲ್ಲಾ ಓಡೋ ಹೊತ್ತಲ್ಲಿ ನಿಮ್ಮ ಟಿಸಿಯಲ್ಲಿ ಎಷ್ಟು ವೋಲ್ಟೇಜ್ ಇರುತ್ತೆ ಅಂತ ಒಂದು ವಾರ ಬರೆದಿಡಿ. ಪಕ್ಕದ ತಾಲ್ಲೂಕಿನ ಒಂದು ಅಂಗಡಿಯಲ್ಲಿ ವೋಲ್ಟೇಜ್ ಬಿದ್ದಾಗಲೆಲ್ಲಾ ಕೆಲಸ ಅರ್ಧಕ್ಕೇ ನಿಂತು ಪ್ಲೇಟು ಹಾಳಾಗ್ತಿತ್ತು. ಈಗ ಅವರು ಬೆಳಿಗ್ಗೆ ಹೊತ್ತು ಮಾತ್ರ ಓಡಿಸ್ತಾರೆ.

ಅರ್ಥಿಂಗ್ ಟೇಬಲ್ಲಿಗೇ ಬೇರೆ ಇರಲಿ. ಆರ್ಕ್ ಹತ್ತೋವಾಗ ಬರೋ ವಿದ್ಯುತ್ ಗದ್ದಲಕ್ಕೆ ಕಂಟ್ರೋಲರ್ ತಲೆ ಕೆಟ್ಟು ಟಾರ್ಚ್ ಎಲ್ಲೆಲ್ಲೋ ಓಡುತ್ತೆ. ಟಾರ್ಚಿನ ಕೇಬಲ್ಲನ್ನ ಮೋಟರಿನ ವೈರಿನ ಜೊತೆ ಕಟ್ಟಬೇಡಿ. ಬೇಸಿಗೆಯಲ್ಲಿ ಅರ್ಥ್ ಗುಂಡಿಗೆ ನೀರು ಹಾಕ್ತಾ ಇರಿ.

ಮಲೆನಾಡಿನ ಅಂಚಿನಲ್ಲಿರೋ ನಮಗೆ ಎಲ್ಲಕ್ಕಿಂತ ಮುಖ್ಯವಾದ ಮಾತು ಗಾಳಿಯದ್ದು. ಮಳೆಗಾಲದಲ್ಲಿ 25 ಡಿಗ್ರಿ, 90% ತೇವ ಇದ್ದಾಗ ಒಂದು ಘನ ಮೀಟರ್ ಗಾಳಿಯಲ್ಲಿ 20 ಗ್ರಾಂ ದಾಟಿ ನೀರು ಇರುತ್ತೆ. ಈ ಅಳತೆಯ ಟಾರ್ಚ್ ನಿಮಿಷಕ್ಕೆ 190 ಲೀಟರ್ ಹತ್ತಿರ ಗಾಳಿ ಕುಡಿಯುತ್ತೆ. ಲೆಕ್ಕ ಹಾಕಿ, ಗಂಟೆಗೆ ಹೆಚ್ಚುಕಡಿಮೆ ಕಾಲು ಲೀಟರ್ ನೀರು ಕಂಪ್ರೆಸರ್ ಒಳಗೆ ಹೋಗ್ತಾ ಇರುತ್ತೆ. ಅದು ಟಾರ್ಚಿಗೆ ಬಂದ್ರೆ ಹೊಸ ನಾಜಲ್ಲೂ ಬೇಗ ಕೆಡುತ್ತೆ. ಟ್ಯಾಂಕಿನ ನೀರು ದಿನಕ್ಕೆ ಎರಡು ಸಲ ಬಿಡಬೇಕು, ಫಿಲ್ಟರ್ ಇರಬೇಕು, ಜೂನ್‌ನಿಂದ ಅಕ್ಟೋಬರ್‌ವರೆಗೆ ರೆಫ್ರಿಜರೇಟೆಡ್ ಡ್ರೈಯರ್ ಇಲ್ಲದೆ ಆಗಲ್ಲ. ಶಿಕಾರಿಪುರದ ಬಯಲಿನ ಕಡೆಗಿಂತ ಸೊರಬದ ಕಡೆಯವರಿಗೆ ಇದು ಇನ್ನೂ ಜಾಸ್ತಿ ಅನ್ವಯ. ಕೊಟೇಶನ್‌ನಲ್ಲಿ ಡ್ರೈಯರ್ ಇರೋದೇ ಇಲ್ಲ, ನಾವೇ ಕೇಳಿ ಸೇರಿಸಬೇಕು. ಕಂಪ್ರೆಸರ್ ತಗೊಳ್ಳುವಾಗ ಪಿಸ್ಟನ್ ಲೆಕ್ಕದ ಸಿಎಫ್‌ಎಂ ಅಲ್ಲ, ನಿಜವಾಗಿ ಹೊರಗೆ ಬರೋ ಗಾಳಿ ಎಷ್ಟು ಅಂತ ಕೇಳಿ. ಟಾರ್ಚಿಗೆ ಬೇಕಾದ್ದರ ಒಂದೂವರೆ ಪಟ್ಟಾದ್ರೂ ಇರಲಿ.

ನಿರ್ವಹಣೆ ಅಂದ್ರೆ ದೊಡ್ಡ ವಿದ್ಯೆ ಏನಲ್ಲ, ಹಾಲು ಕರೆಯೋ ಹಾಗೆ ದಿನಾ ತಪ್ಪದೆ ಮಾಡಬೇಕು ಅಷ್ಟೇ. ಬೆಳಿಗ್ಗೆ ಟಾರ್ಚಿನ ತುದಿ ಬಿಚ್ಚಿ ನೋಡಬೇಕು. ಎಲೆಕ್ಟ್ರೋಡಿನ ನಡುವೆ ಹ್ಯಾಫ್ನಿಯಂ ಅನ್ನೋ ಲೋಹದ ಚುಕ್ಕೆ ಇರುತ್ತೆ. ಅದು ಸವೆದು ಗುಳಿ 1.6 ಎಂಎಂ ಆಳ ಆದ್ರೆ ಬದಲಾಯಿಸಬೇಕು. ನಾಜಲ್ ತೂತು ಗುಂಡಗಿಲ್ಲದೆ ಮೊಟ್ಟೆ ಆಕಾರ ಆದ್ರೆ ಅದೂ ಹೋಯ್ತು ಅಂತ ಲೆಕ್ಕ. ಎರಡನ್ನೂ ಜೋಡಿಯಾಗಿ ಬದಲಾಯಿಸೋದು ಒಳ್ಳೇದು. ಎಷ್ಟು ಮೀಟರ್ ಕತ್ತರಿಸಿದ್ವಿ ಅನ್ನೋದಕ್ಕಿಂತ ಎಷ್ಟು ಸಲ ಆರ್ಕ್ ಹೊತ್ತಿಸಿದ್ವಿ ಅನ್ನೋದರಿಂದ ಅವು ಜಾಸ್ತಿ ಸವೆಯೋದು. ಸಣ್ಣ ಸಣ್ಣ ತೂತಿನ ಕೆಲಸಕ್ಕೆ ದರ ಹೇಳೋವಾಗ ಇದು ನೆನಪಿರಲಿ.

ಸಂಜೆ ಹಳಿ ಮತ್ತು ರ‍್ಯಾಕ್ ಮೇಲಿನ ಕಬ್ಬಿಣದ ಧೂಳನ್ನ ಒಣ ಬಟ್ಟೆಯಲ್ಲಿ ಒರೆಸಬೇಕು. ಗ್ರೀಸ್ ಮೆತ್ತಿದ್ರೆ ಧೂಳು ಅಂಟಿ ಅರ ಹಾಕಿದ ಹಾಗೆ ತಿನ್ನುತ್ತೆ. ಪ್ಲೇಟು ಕೂರೋ ಪಟ್ಟಿಗಳು ಸುಟ್ಟು ಹೋಗೋವೇ, ಇನ್ನೊಂದು ಸೆಟ್ ಮಷೀನಿನಲ್ಲೇ ಕತ್ತರಿಸಿ ಇಟ್ಕೊಳ್ಳಿ. ತಿಂಗಳಿಗೊಮ್ಮೆ ಚೌಕ ಕತ್ತರಿಸಿ ಮೂಲೆ ಅಳೆಯೋದು ಬಿಡಬೇಡಿ.

ಕತ್ತರಿಸೋ ಕ್ರಮದಲ್ಲೂ ಒಂದು ಗುಟ್ಟಿದೆ. ಟಾರ್ಚ್ ಹೋಗೋ ದಿಕ್ಕಿನ ಬಲಗಡೆ ಅಂಚು ನೇರ ಬರುತ್ತೆ, ಎಡಗಡೆ ಓರೆ. ಅದಕ್ಕೇ ಹೊರ ಅಂಚನ್ನ ಗಡಿಯಾರದ ದಿಕ್ಕಿನಲ್ಲಿ, ಒಳಗಿನ ತೂತನ್ನ ಉಲ್ಟಾ ದಿಕ್ಕಿನಲ್ಲಿ ಕತ್ತರಿಸಬೇಕು. ಪ್ಲೇಟಿನ ದಪ್ಪಕ್ಕಿಂತ ಸಣ್ಣ ತೂತನ್ನ ಪ್ಲಾಸ್ಮಾದಲ್ಲಿ ಮಾಡೋಕೆ ಹೋಗಬೇಡಿ, ಗುರುತು ಹಾಕಿ ಡ್ರಿಲ್ ಮಾಡಿ. ಬೋಲ್ಟ್ ಬಿಗಿಯಾಗಿ ಕೂರಬೇಕಾದ ಕಡೆ ದೊಡ್ಡ ತೂತನ್ನೂ ಡ್ರಿಲ್ಲಿನಲ್ಲೇ ಮುಗಿಸೋದು ಕ್ಷೇಮ. ಗಾಳಿಯಲ್ಲಿರೋ ಸಾರಜನಕ ಅಂಚಿನ ಕಬ್ಬಿಣಕ್ಕೆ ಸೇರಿ ಗಟ್ಟಿ ಮಾಡುತ್ತೆ, ಹಾಗೇ ವೆಲ್ಡ್ ಮಾಡಿದ್ರೆ ಬೆಸುಗೆಯಲ್ಲಿ ಗುಳ್ಳೆ ಬರುತ್ತೆ. ಗ್ರೈಂಡರ್‌ನಲ್ಲಿ ಅಂಚು ಉಜ್ಜಿಯೇ ವೆಲ್ಡ್ ಮಾಡಿ. ಟ್ರೇಲರ್ ಕೊಂಡಿಯಂಥ ಭಾರ ಎಳೆಯೋ ಜಾಗದಲ್ಲಿ ಇದು ಜೀವದ ಪ್ರಶ್ನೆ. ರೈತರು ಕೂಡ ಅಂಗಡಿಯಲ್ಲಿ ನಿಂತು "ಅಂಚು ಉಜ್ಜಿದ್ಯಾ?" ಅಂತ ಕೇಳಬೇಕು.

ಹೊಗೆ, ನೀರು, ಬೆಂಕಿ. ಟೇಬಲ್ ಕೆಳಗೆ ನೀರಿನ ತೊಟ್ಟಿ ಇದ್ರೆ ಹೊಗೆ, ಧೂಳು ಬಹಳ ಕಮ್ಮಿ. ಆದ್ರೆ ನೀರಿನ ತೊಟ್ಟಿ ಮೇಲೆ ಅಲ್ಯೂಮಿನಿಯಂ ಕತ್ತರಿಸಬಾರದು, ಹೈಡ್ರೋಜನ್ ಹುಟ್ಟಿ ಸಿಡಿಯುವ ಅಪಾಯ ಇದೆ. ಜಿಐ ಶೀಟಿನ ಸತುವಿನ ಹೊಗೆ ಕುಡಿದ್ರೆ ರಾತ್ರಿ ಚಳಿಜ್ವರ ಬರುತ್ತೆ. ಆ ತೊಟ್ಟಿ ನೀರನ್ನ ಕಾಲುವೆಗೋ ಪಕ್ಕದ ಗದ್ದೆಗೋ ಬಿಡೋದು ತಪ್ಪು, ಅದರಲ್ಲಿ ಲೋಹದ ಪುಡಿ, ತುಕ್ಕು ತಡೆಯೋ ರಾಸಾಯನಿಕ ಎಲ್ಲಾ ಇರುತ್ತೆ. ಕೆಲಸ ಇಲ್ಲದ ವಾರದಲ್ಲಿ ಸೊಳ್ಳೆ ಮರಿ ಮಾಡದ ಹಾಗೆ ಮುಚ್ಚಿಡಿ. ಕಿಡಿ ದೂರ ಹಾರುತ್ತೆ, ಹುಲ್ಲಿನ ಬಣವೆ, ಅಡಿಕೆ ಸಿಪ್ಪೆ ಹತ್ತಿರ ಇರಬಾರದು. ಬರಿಗಣ್ಣಲ್ಲಿ ಆರ್ಕ್ ನೋಡೋಕೆ ಮಕ್ಕಳನ್ನ ಬಿಡಬೇಡಿ.

ಇನ್ನು ದುಡ್ಡು. ಹೊಸದಾಗಿ ಶುರು ಮಾಡೋ ಹುಡುಗರಿಗೆ ಪಿಎಂಇಜಿಪಿ ಯೋಜನೆ ಇದೆ. ಉತ್ಪಾದನಾ ಘಟಕಕ್ಕೆ 2022ರಲ್ಲಿ ಯೋಜನಾ ವೆಚ್ಚದ ಮಿತಿಯನ್ನ 50 ಲಕ್ಷಕ್ಕೆ ಏರಿಸಿದ್ರು. ಹಳ್ಳಿಯಲ್ಲಿ ಸಾಮಾನ್ಯ ವರ್ಗಕ್ಕೆ 25%, ಮಹಿಳೆಯರೂ ಸೇರಿ ವಿಶೇಷ ವರ್ಗಕ್ಕೆ 35% ಸಹಾಯಧನ. ಅದು ಕೈಗೆ ಬರಲ್ಲ, ಮೂರು ವರ್ಷ ಬ್ಯಾಂಕಿನಲ್ಲೇ ಠೇವಣಿಯಾಗಿದ್ದು ಆಮೇಲೆ ಸಾಲಕ್ಕೆ ಜಮಾ ಆಗುತ್ತೆ. ಆದ್ರೆ ಇದು ಹೊಸ ಘಟಕಕ್ಕೆ ಮಾತ್ರ. ನಮ್ಮ ಹುಡುಗನ ಅಂಗಡಿ ಈಗಾಗಲೇ ನಡೀತಿರೋದರಿಂದ ಅವನಿಗೆ ಆಗಲಿಲ್ಲ.

ಅಡಮಾನದ ಬಗ್ಗೆ ಮಾತ್ರ ಎಲ್ಲರೂ ತಿಳ್ಕೊಳ್ಳಿ. ಸಣ್ಣ ಉದ್ದಿಮೆಗಳ ನಿಗದಿತ ಮಿತಿಯೊಳಗಿನ ಸಾಲಕ್ಕೆ ಬ್ಯಾಂಕು ಆಸ್ತಿ ಅಡಮಾನ ಕೇಳಬಾರದು ಅಂತ ರಿಸರ್ವ್ ಬ್ಯಾಂಕಿನ ನಿಯಮ ಇದೆ. ಅದರ ಬದಲು ಸಿಜಿಟಿಎಂಎಸ್‌ಇ ಅನ್ನೋ ಗ್ಯಾರಂಟಿ ಯೋಜನೆ ಇದೆ, ಅದಕ್ಕೆ ವರ್ಷಕ್ಕೆ ಒಂದಿಷ್ಟು ಶುಲ್ಕ ಕಟ್ಟಬೇಕು. ತೋಟದ ಪಹಣಿ ತಗೊಂಡು ಬ್ಯಾಂಕಿಗೆ ಹೋಗೋ ಮುಂಚೆ ಇದನ್ನ ಕೇಳಿ.

ನಾವು ತೀರ್ಮಾನ ಮಾಡಿದ್ದು ಹೀಗೆ. ಮೊದಲು ಮೂರು ತಿಂಗಳು ಹುಡುಗ ಡ್ರಾಯಿಂಗ್ ಕಲಿತು, ಕೆಲಸ ಹಿಡಿದು, ಪ್ಲೇಟನ್ನ ಶಿವಮೊಗ್ಗದಲ್ಲಿ ಕತ್ತರಿಸಿ ತಂದು ಮಾರಿದ. ಕತ್ತರಿಸಿದ ಮೀಟರು, ಹೊಡೆದ ತೂತು, ಕೊಟ್ಟ ಕೂಲಿ, ಬಂದ ದುಡ್ಡು ಎಲ್ಲಾ ಪುಸ್ತಕದಲ್ಲಿದೆ. ಆ ಕೂಲಿಯ ಮೊತ್ತ ತಿಂಗಳ ಕಂತಿನ ಮುಕ್ಕಾಲು ಭಾಗಕ್ಕೆ ಬಂತು. "ಮಾವ, ಮಷೀನು ಇಲ್ಲೇ ಇದ್ರೆ ಇನ್ನೂ ಜಾಸ್ತಿ ಬರುತ್ತೆ" ಅಂದ. ಬರಬಹುದು. ಆದ್ರೆ ಜುಲೈ-ಆಗಸ್ಟ್‌ನಲ್ಲಿ ಕೆಲಸ ಕಮ್ಮಿ ಅನ್ನೋದೂ ಅದೇ ಪುಸ್ತಕದಲ್ಲಿದೆ. ಹಾಗಾಗಿ ಅವನು ಮೊದಲು ನೋಡಿದ್ದ ದೊಡ್ಡ ಟೇಬಲ್ ಬಿಟ್ಟು 1250 × 2500 ಅಳತೆಯದ್ದು, ಟಿಎಚ್‌ಸಿ, ಡ್ರೈಯರ್, ನೀರಿನ ತೊಟ್ಟಿ ಸೇರಿ 10 ಲಕ್ಷದೊಳಗೆ ಸಾಲ ನಿಲ್ಲೋ ಹಾಗೆ ಮಾಡಿದ್ವಿ. ಮೂರು ಕಂತಿನಷ್ಟು ದುಡ್ಡು ಮೊದಲೇ ಪಕ್ಕಕ್ಕೆ ಇಟ್ಟಿದ್ದಾನೆ.

ಅಕ್ಕನಿಗೆ ಹೇಳಿದ್ದೀನಿ, ಹುಡುಗನ ಕೆಲಸಕ್ಕೆ ನನ್ನ ಒಪ್ಪಿಗೆ ಇದೆ, ತೋಟದ ಕಾಗದಕ್ಕೆ ಸಹಿ ಬೇಡ. ಮೆಸ್ಕಾಂಗೆ ಅರ್ಜಿ ಹಾಕಿ ಆಗಿದೆ. ಸಂಪರ್ಕ ಬಂದು ಒಂದು ವಾರ ವೋಲ್ಟೇಜ್ ಬರೆದು ನೋಡಿದ ಮೇಲೇ ಮಷೀನಿಗೆ ಮುಂಗಡ ಕೊಡೋದು. ಕೂತ ಮೇಲೆ ಮೊದಲ ಮಳೆಗಾಲ ಹೇಗೆ ಹೋಯ್ತು, ನಾಜಲ್ ಎಷ್ಟು ಹೋಯ್ತು ಅಂತ ಲೆಕ್ಕ ಸಮೇತ ಬರೀತೀನಿ.